ಟಾಗಲ್ ಬಟನ್‌ಗೆ ಥೀಮಿಗೊಂದು ಸಬ್‌ಕ್ಲಾಸ್ ಬೇಕೇ?

ಬೇಡ. ಈಗಾಗಲೇ ಬರೆದಿರುವ ಮೂರನ್ನೂ ಅಳಿಸಬಹುದು. ಆದರೆ ಅಳಿಸುವ ಮುಂಚೆ ಇದನ್ನೊಮ್ಮೆ ಓದಿ, ಏಕೆಂದರೆ ನೀವು ಎರಡು ತೊಂದರೆ ಎಂದು ಬರೆದಿರುವುದರ ಬೇರು ಒಂದೇ.

ನೀವು ಹೇಳಿದ್ದು ಇಷ್ಟು: ಸ್ವಂತಕ್ಕೆ ಒಂದು ಚಿಕ್ಕ ಯುಐ ಲೈಬ್ರರಿ (ಬಟನ್, ಮೆನು ಮುಂತಾಗಿ ತೆರೆಯ ಮೇಲೆ ಕಾಣುವ ಭಾಗಗಳ ಕೋಡು) ಬರೆಯುತ್ತಿದ್ದೀರಿ. ಬಿಳಿ ಥೀಮ್, ಕಪ್ಪು ಥೀಮ್, ಹೈ ಕಾಂಟ್ರಾಸ್ಟ್ ಥೀಮ್, ಮೂರಕ್ಕೂ ಟಾಗಲ್ ಬಟನ್ನಿನ (ಒಮ್ಮೆ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್ ಆಗುವ ಬಟನ್) ಒಂದೊಂದು ಸಬ್‌ಕ್ಲಾಸ್, ಅಂದರೆ ಮೂಲ ಕ್ಲಾಸಿನಿಂದ ಹುಟ್ಟಿದ ಬೇರೆ ಬೇರೆ ರೂಪ, ಇದೆ. ಆ್ಯಪ್ ಓಡುತ್ತಿರುವಾಗ ಥೀಮ್ ಬದಲಿಸಿದರೆ ಆನ್ ಆಗಿದ್ದ ಬಟನ್‌ಗಳೆಲ್ಲ ಆಫ್ ಆಗಿಬಿಡುತ್ತವೆ. ಇನ್ನೊಂದು, ಬಟನ್ ಒತ್ತಿದ ಮೇಲೆ ಮನಸ್ಸು ಬದಲಾಗಿ ಮೌಸನ್ನು ಹೊರಗೆಳೆದು ಬಿಟ್ಟರೂ ಟಾಗಲ್ ಆಗಿಯೇ ಇರುತ್ತದೆ. ಕೊನೆಗೆ, ಸ್ಲೈಡ್ ಆಗುವ ಸ್ವಿಚ್‌ಗೆ ಬೇರೆ ಕ್ಲಾಸ್ ಮಾಡಬೇಕೇ ಎಂದು ಕೇಳಿದ್ದೀರಿ.

ನಿಮ್ಮ ಕೋಡಿನಲ್ಲಿ ಮೌಸ್ ಒತ್ತಿದಾಗ ಓಡುವ ಮೆಥಡ್ ನೋಡಿ. ಅಲ್ಲಿ ಚಿತ್ರ ಬದಲಿಸುತ್ತೀರಿ. ಮುಂದೆ ಬೇರೊಂದು ಕಡೆ, ಈಗ ಕಾಣುತ್ತಿರುವುದು ಆನ್ ಚಿತ್ರವೇ ಎಂದು ಹೋಲಿಸಿ ಬಟನ್ ಆನ್ ಇದೆಯೋ ಇಲ್ಲವೋ ತಿಳಿದುಕೊಳ್ಳುತ್ತೀರಿ. ಅಂದರೆ ಬಟನ್ನಿನ ನೆನಪೆಲ್ಲ ಅದು ತೊಟ್ಟ ಅಂಗಿಯ ಜೇಬಿನಲ್ಲಿದೆ. ಅಂಗಿ ಕಳಚಿದಾಗ ಜೇಬಿನಲ್ಲಿದ್ದದ್ದೂ ಹೋಯಿತು. ಒತ್ತಿದ ಕೂಡಲೇ ಚಿತ್ರ ಬದಲಾಗುವುದರಿಂದ, ಆಮೇಲೆ ಮೌಸನ್ನು ಹೊರಗೆಳೆದರೂ ಟಾಗಲ್ ಆಗಿಹೋಗಿರುತ್ತದೆ.

ನಾನೂ ಇದನ್ನೇ ಮಾಡಿ ಪೆಟ್ಟು ತಿಂದವನು. ಒಂದು ಆಡಿಯೊ ಆ್ಯಪ್‌ನ ಮ್ಯೂಟ್ ಬಟನ್ ಅದು. ಕಪ್ಪು ಥೀಮಿಗೆ ಹೋದ ಕೂಡಲೇ ಮ್ಯೂಟ್ ಆಫ್ ಎಂದು ತೋರಿಸುತ್ತಿತ್ತು, ಸ್ಪೀಕರಿನಿಂದ ಮಾತ್ರ ಒಂದು ಸದ್ದೂ ಇಲ್ಲ. ಎರಡು ದಿನ ಆಡಿಯೊ ಡ್ರೈವರನ್ನು ಬೈದುಕೊಂಡು ಕೂತಿದ್ದೆ. ಡ್ರೈವರ್ ಪಾಪ ಸರಿಯಾಗಿಯೇ ಇತ್ತು.

ಹಾಗಾಗಿ ಮೊದಲ ಕೆಲಸ ಕ್ಲಾಸನ್ನು ಎರಡಾಗಿ ಸೀಳುವುದು. ಒಂದು ಭಾಗ ಕಂಟ್ರೋಲ್: ಆನ್ ಇದೆಯೇ, ಈಗ ಒತ್ತಿ ಹಿಡಿದಿದ್ದಾರೆಯೇ, ಡಿಸೇಬಲ್ ಆಗಿದೆಯೇ (ಒತ್ತಲಾಗದಂತೆ ಮಾಡಿದ್ದಾರೆಯೇ) ಎಂಬ ಲೆಕ್ಕವೆಲ್ಲ ಅದರದ್ದು, ಮೌಸ್ ಮತ್ತು ಕೀಬೋರ್ಡ್ ಇವೆಂಟ್‌ಗಳೂ, ಅಂದರೆ ಒತ್ತಿದರು, ಬಿಟ್ಟರು ಎಂಬ ಸುದ್ದಿಗಳೂ, ಅದಕ್ಕೇ ಬರಬೇಕು. ಇನ್ನೊಂದು ಭಾಗ ಸ್ಕಿನ್: ಕೊಟ್ಟ ಸ್ಥಿತಿಯನ್ನು ನೋಡಿ ಚಿತ್ರ ಬರೆಯುತ್ತದೆ, ಎಷ್ಟು ಜಾಗ ಬೇಕೆಂದು ಹೇಳುತ್ತದೆ, ಅಷ್ಟೇ. ಸ್ಕಿನ್‌ನೊಳಗೆ 'ಆನ್' ಎಂಬ ಹೆಸರಿನ ವೇರಿಯಬಲ್ ಕಂಡರೆ ಅದು ತಪ್ಪು ಜಾಗದಲ್ಲಿದೆ. ಸರಿಯಾಗಿ ಸೀಳಿದ್ದೀರಾ ಎಂದು ನೋಡಲು ಸುಲಭದ ಉಪಾಯವಿದೆ: ಸ್ಕಿನ್ನೇ ಇಲ್ಲದ ಬಟನ್ ಒಂದನ್ನು ಟೆಸ್ಟ್‌ನಲ್ಲಿ ಸೃಷ್ಟಿಸಿ, ಒತ್ತಿದ ಬಿಟ್ಟ ಇವೆಂಟ್ ಕಳಿಸಿ. ತೆರೆಯ ಮೇಲೆ ಏನೂ ಕಾಣದಿದ್ದರೂ ಅದು ಟಾಗಲ್ ಆಗಬೇಕು.

ಈಗ ನಿಮ್ಮ ಎರಡನೇ ತೊಂದರೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಟಾಗಲ್ ಬಟನ್ ಬರೆಯುವವರಲ್ಲಿ ಬಹುತೇಕರು ಎಡವುವುದು ಇಲ್ಲೇ. ಜಾವಾದ ಸ್ವಿಂಗ್ ಲೈಬ್ರರಿ ಹಳೆಯದಾದರೂ ಈ ಭಾಗವನ್ನು ಚೊಕ್ಕವಾಗಿ ಮಾಡಿದೆ. ಅದರ ಬಟನ್ ಮಾಡೆಲ್‌ನಲ್ಲಿ ಪ್ರೆಸ್ಡ್ ಮತ್ತು ಆರ್ಮ್ಡ್ ಎಂಬ ಎರಡು ಬೇರೆ ಬೇರೆ ಗುರುತುಗಳಿವೆ. ಮೌಸ್ ಗುಂಡಿ ಕೆಳಗಿದೆ ಎನ್ನುವುದು ಪ್ರೆಸ್ಡ್. ಈಗ ಬಿಟ್ಟರೆ ಕೆಲಸ ನಡೆಯುತ್ತದೆ ಎನ್ನುವುದು ಆರ್ಮ್ಡ್, ಅದನ್ನು ಕೆಳಗೆ 'ಸಜ್ಜು' ಎಂದು ಬರೆಯುತ್ತೇನೆ. ಒತ್ತಿ ಹೊರಗೆ ಎಳೆದಾಗ ಪ್ರೆಸ್ಡ್ ಹಾಗೇ ಇರುತ್ತದೆ, ಸಜ್ಜು ಹೋಗುತ್ತದೆ. ಬಿಡದೆ ಮತ್ತೆ ಒಳಗೆ ತಂದರೆ ಸಜ್ಜು ಮರಳಿ ಬರುತ್ತದೆ. ಟಾಗಲ್ ಆಗುವುದು ಬಿಟ್ಟ ಗಳಿಗೆಯಲ್ಲಿ, ಅದೂ ಸಜ್ಜಾಗಿದ್ದರೆ ಮಾತ್ರ. ನೀವು ಯಾವ ಭಾಷೆಯಲ್ಲಿ ಬರೆಯುತ್ತಿದ್ದೀರೆಂದು ಹೇಳಿಲ್ಲ, ಹಾಗಾಗಿ ಕನ್ನಡದಲ್ಲೇ ಸೂಡೊಕೋಡ್ (ಯಾವ ಭಾಷೆಯದ್ದೂ ಅಲ್ಲದ ಕೋಡಿನ ರೂಪುರೇಷೆ):

ಒತ್ತಿದಾಗ:
  ಡಿಸೇಬಲ್ ಆಗಿದ್ದರೆ ವಾಪಸ್
  ಸಜ್ಜು = ಹೌದು, ಒತ್ತಿದೆ = ಹೌದು
ಪಾಯಿಂಟರ್ ಹೊರಗೆ ಹೋದಾಗ:
  ಸಜ್ಜು = ಇಲ್ಲ
ಪಾಯಿಂಟರ್ ಒಳಗೆ ಬಂದಾಗ:
  ಒತ್ತಿದೆ ಎಂದಿದ್ದರೆ ಸಜ್ಜು = ಹೌದು
ಬಿಟ್ಟಾಗ:
  ಟಾಗಲ್_ಮಾಡಬೇಕು = ಒತ್ತಿದೆ ಮತ್ತು ಸಜ್ಜು
  ಒತ್ತಿದೆ = ಇಲ್ಲ, ಸಜ್ಜು = ಇಲ್ಲ
  ಟಾಗಲ್_ಮಾಡಬೇಕು ಎಂದಿದ್ದರೆ ಆನ್ = ಆನ್ ಅಲ್ಲದ್ದು, ಆಮೇಲೆ ಇವೆಂಟ್ ಕಳಿಸು
ಒತ್ತಾಟ ನಡುವೆ ಕಡಿದುಹೋದಾಗ:
  ಸಜ್ಜು = ಇಲ್ಲ, ಒತ್ತಿದೆ = ಇಲ್ಲ

ಬಿಟ್ಟಾಗ ಎಂಬಲ್ಲಿ ಮೊದಲು ಉತ್ತರವನ್ನು ಎತ್ತಿಟ್ಟುಕೊಂಡು, ಗುರುತುಗಳನ್ನು ಅಳಿಸಿ, ಕೊನೆಗೆ ಇವೆಂಟ್ ಕಳಿಸಿದ್ದೇನೆ. ಈ ಅನುಕ್ರಮ ಬೇಕೆಂದೇ ಇಟ್ಟದ್ದು. ಇವೆಂಟ್ ಕೇಳುವ ಕೋಡು ಇದೇ ಬಟನ್ನನ್ನು ಡಿಸೇಬಲ್ ಮಾಡಬಹುದು, ತೆರೆಯಿಂದ ಕಿತ್ತುಹಾಕಬಹುದು, ಡೈಲಾಗ್ ಒಂದನ್ನು ತೆರೆಯಬಹುದು. ಆ ಹೊತ್ತಿಗೆ ಬಟನ್ ತನ್ನ ಲೆಕ್ಕ ಮುಗಿಸಿ ಕೂತಿರಬೇಕು, ಇಲ್ಲದಿದ್ದರೆ ಡೈಲಾಗ್ ಮುಚ್ಚುವವರೆಗೂ ಬಟನ್ ಒತ್ತಿದಂತೆಯೇ ಕಾಣುತ್ತಿರುತ್ತದೆ. ಕೊನೆಯ ಸಾಲನ್ನೂ ಮರೆಯಬೇಡಿ: ಒತ್ತಿ ಹಿಡಿದಿರುವಾಗಲೇ ಬೇರೆ ವಿಂಡೊ ಮುಂದೆ ಬಂದರೆ, ಬಿಟ್ಟ ಇವೆಂಟ್ ನಿಮ್ಮ ಕೈಗೆ ಬರದೇ ಹೋಗಬಹುದು.

ಕೀಬೋರ್ಡಿನಲ್ಲೂ ಇದೇ ಕತೆ. ಸ್ಪೇಸ್ ಕೀಯನ್ನು ಅದುಮಿ ಹಿಡಿದರೆ ಆಪರೇಟಿಂಗ್ ಸಿಸ್ಟಂ ಕೀಡೌನ್ (ಕೀ ಒತ್ತಿದರು) ಇವೆಂಟನ್ನು ಮತ್ತೆ ಮತ್ತೆ ಕಳಿಸುತ್ತದೆ. ಕೀಡೌನ್‌ನಲ್ಲೇ ಟಾಗಲ್ ಮಾಡಿದರೆ ಬಟನ್ ದೀಪಾವಳಿ ಸರಮಾಲೆಯಂತೆ ಮಿಣಮಿಣ ಅನ್ನುತ್ತದೆ. ಕೀ ಬಿಟ್ಟಾಗ ಬರುವ ಕೀಅಪ್‌ನಲ್ಲಿ ಮಾಡಿ.

ಇನ್ನು ಸ್ಕಿನ್‌ಗೆ ಏನನ್ನು ಕೊಡಬೇಕು ಎಂಬ ಪ್ರಶ್ನೆ. ಸಾಮಾನ್ಯ, ಪಾಯಿಂಟರ್ ಮೇಲಿದೆ, ಒತ್ತಿದೆ, ಡಿಸೇಬಲ್ ಎಂದು ನಾಲ್ಕು, ಪ್ರತಿಯೊಂದಕ್ಕೂ ಆನ್ ಮತ್ತು ಆಫ್, ಒಟ್ಟು 8. ಅಡೋಬಿಯ ಹಳೆಯ ಯುಐ ಚೌಕಟ್ಟಾದ ಫ್ಲೆಕ್ಸ್ 4ರ ಸ್ಪಾರ್ಕ್ ಟಾಗಲ್ ಬಟನ್ ಸರಿಯಾಗಿ ಈ ಎಂಟನ್ನೂ ಹೆಸರಿಟ್ಟು ಸ್ಕಿನ್‌ಗೆ ಕೊಡುತ್ತಿತ್ತು: ಅಪ್, ಓವರ್, ಡೌನ್, ಡಿಸೇಬಲ್ಡ್, ಮತ್ತೆ ಅದೇ ನಾಲ್ಕಕ್ಕೆ 'ಆ್ಯಂಡ್ ಸೆಲೆಕ್ಟೆಡ್' ಎಂಬ ಬಾಲ. ಓದಲು ಚೆಂದ, ಆದರೆ ನನಗೆ ಹಿಡಿಸದ ವಿಧಾನ. ನಾಳೆ ಫೋಕಸ್ (ಕೀಬೋರ್ಡ್ ಈಗ ಯಾವ ಬಟನ್ ಮೇಲಿದೆ ಎಂಬ ಗುರುತು) ಸೇರಿಸಿದರೆ ಎಂಟು ಹದಿನಾರಾಗುತ್ತದೆ. ಮೈಕ್ರೋಸಾಫ್ಟ್‌ನ ಯುಐ ಚೌಕಟ್ಟಾದ ಡಬ್ಲ್ಯುಪಿಎಫ್‌ನ ಟಾಗಲ್ ಬಟನ್ನಿನಲ್ಲಿರುವಂತೆ ಆನೂ ಅಲ್ಲದ ಆಫೂ ಅಲ್ಲದ ಮೂರನೇ ಸ್ಥಿತಿ ಬಂದರೆ ಅದೂ ಗುಣಾಕಾರಕ್ಕೆ ಸೇರುತ್ತದೆ. ಅಷ್ಟು ಚಿತ್ರ ಬರೆಯುವ ಡಿಸೈನರ್ ನಿಮ್ಮ ಫೋನ್ ಎತ್ತುವುದನ್ನೇ ಬಿಡುತ್ತಾರೆ. ಜಾವಾದ ಇನ್ನೊಂದು ಯುಐ ಲೈಬ್ರರಿ ಜಾವಾಎಫ್‌ಎಕ್ಸ್ ಇದನ್ನು ಸಿಎಸ್ಎಸ್ ಸೂಡೊಕ್ಲಾಸ್‌ಗಳಾಗಿ (ಅಲಂಕಾರದ ನಿಯಮಗಳಲ್ಲಿ ಸ್ಥಿತಿಯನ್ನು ಹೇಳುವ ಗುರುತುಗಳು) ಬಿಡಿಬಿಡಿಯಾಗಿ ಇಟ್ಟಿದೆ: ಸೆಲೆಕ್ಟೆಡ್ ಒಂದು, ಹೋವರ್ ಒಂದು, ಫೋಕಸ್ಡ್ ಒಂದು, ಬೇಕಾದ್ದನ್ನು ಸ್ಕಿನ್ ಬರೆಯುವವರು ಜೋಡಿಸಿಕೊಳ್ಳಲಿ. ನೀವೂ ಹಾಗೇ ಮಾಡಿ. ಸ್ಥಿತಿಯನ್ನು ಒಂದು ಹೆಸರಾಗಿ ಕೊಡದೆ, ಬೇರೆ ಬೇರೆ ಗುರುತುಗಳ ಚಿಕ್ಕ ಕಟ್ಟಾಗಿ ಕೊಡಿ. ಫೋಕಸ್ ಸುತ್ತಿನ ಗೆರೆಯನ್ನಂತೂ ಚಿತ್ರದೊಳಗೆ ಸೇರಿಸಲೇಬೇಡಿ, ಅದನ್ನು ಮೇಲಿನ ಪದರವಾಗಿ ಎಳೆಯಿರಿ.

ಚಿತ್ರಗಳ ಸ್ಕಿನ್ನೇ ಬೇಕೆಂದಾದರೆ, ಇಲ್ಲದ ಚಿತ್ರದ ಬದಲು ಯಾವುದನ್ನು ತೋರಿಸಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ. ಸ್ವಿಂಗ್ ಬಟನ್ನಿನಲ್ಲಿ ಏಳು ಐಕಾನ್‌ಗಳಿಗೆ ಜಾಗವಿದೆ. ಆನ್ ಆಗಿರುವುದನ್ನೇ ಈಗ ಮತ್ತೆ ಒತ್ತಿ ಹಿಡಿದಾಗ ಎಂಬ ಎಂಟನೆಯದಕ್ಕೆ ಮಾತ್ರ ಇಲ್ಲ. ಅಂಥ ಕಡೆ ನನ್ನ ನಿಯಮ ಸರಳ: ಒತ್ತಿದೆ, ಮೇಲಿದೆ ಎಂಬ ವಿವರವನ್ನು ಕೈಬಿಡಬಹುದು, ಆನ್ ಆಫ್ ಎಂಬುದನ್ನು ಕೈಬಿಡಕೂಡದು. 'ಆನ್ ಮತ್ತು ಒತ್ತಿದೆ' ಸಿಗದಿದ್ದರೆ 'ಆನ್' ತೋರಿಸಿ, 'ಒತ್ತಿದೆ' ತೋರಿಸಬೇಡಿ. ಎರಡೇ ಚಿತ್ರ ಕೊಟ್ಟ ಬಡ ಸ್ಕಿನ್ ಕೂಡ ಆಗ ಸುಳ್ಳು ಹೇಳುವುದಿಲ್ಲ. ಡಿಸೇಬಲ್‌ಗೆ ಚಿತ್ರವಿಲ್ಲದಿದ್ದರೆ ಇದ್ದದ್ದನ್ನೇ ಬೂದು ಮಾಡಿ, ಸ್ವಿಂಗ್ ಮಾಡುವುದೂ ಅದನ್ನೇ.

ಸ್ಕಿನ್ ಬದಲಿಸುವ ಕ್ಷಣಕ್ಕೆ ಬರೋಣ. ಸ್ಕಿನ್‌ಗೆ ಮೂರು ಮೆಥಡ್ ಸಾಕು: ಸೇರಿಕೊ, ಹೊಸ ಸ್ಥಿತಿ ತೋರಿಸು, ಬಿಟ್ಟುಹೋಗು. ಜನ ಮೂರನೆಯದನ್ನು ಖಾಲಿ ಬಿಡುತ್ತಾರೆ. ಸೇರಿಕೊಳ್ಳುವಾಗ ಸ್ಕಿನ್ ಕಂಟ್ರೋಲಿಗೆ ಒಂದು ಲಿಸನರ್ (ಸ್ಥಿತಿ ಬದಲಾದರೆ ನನ್ನನ್ನು ಕರೆ ಎಂಬ ನೋಂದಣಿ) ಹಾಕಿರುತ್ತದೆ. ಹೋಗುವಾಗ ತೆಗೆಯದಿದ್ದರೆ ಕಂಟ್ರೋಲ್ ಆ ಹಳೇ ಸ್ಕಿನ್ನನ್ನು ಹಿಡಿದುಕೊಂಡೇ ಇರುತ್ತದೆ, ಬೇಡದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್‌ಗೆ ಬಿಟ್ಟುಕೊಡುವುದಿಲ್ಲ. ಹತ್ತು ಸಲ ಥೀಮ್ ಬದಲಿಸಿದ ಮೇಲೆ ಒಂದು ಕ್ಲಿಕ್ಕಿಗೆ ಹನ್ನೊಂದು ಸ್ಕಿನ್‌ಗಳು ಎದ್ದು ಕೂತು ಚಿತ್ರ ಬರೆಯಲು ಹೊರಡುತ್ತವೆ, ಕಾಣುವುದು ಮಾತ್ರ ಒಂದು. ಜಾವಾಎಫ್‌ಎಕ್ಸ್‌ನಲ್ಲಿ ಸ್ಕಿನ್‌ಗೆ ಡಿಸ್ಪೋಸ್ ಎಂಬ ಮೆಥಡ್ ಇರುವುದು ಇದಕ್ಕಾಗಿಯೇ. ಹಾಗೆ ಹಿಡಿದುಕೊಳ್ಳದ ವೀಕ್ ಲಿಸನರ್ ಹಾಕಿ ತಪ್ಪಿಸಿಕೊಳ್ಳಬಹುದು ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅದು ಯಾವಾಗ ಹೋಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಇನ್ನೂ ಒಳ್ಳೆಯದೆಂದರೆ ಸ್ಕಿನ್ ಲಿಸನರ್ ಹಾಕುವುದೇ ಬೇಡ, ಸ್ಥಿತಿ ಬದಲಾದಾಗ ಕಂಟ್ರೋಲೇ ತನ್ನ ಈಗಿನ ಸ್ಕಿನ್ನನ್ನು ಕರೆಯಲಿ. ಆಗ ಸೋರುವುದಕ್ಕೆ ಏನೂ ಉಳಿಯುವುದಿಲ್ಲ.

ಬದಲಿಸುವ ಅನುಕ್ರಮ ಹೀಗಿರಲಿ: ಹಳೆಯದನ್ನು ಬಿಡಿಸಿ, ಹೊಸದನ್ನು ಸೇರಿಸಿ, ತಕ್ಷಣ ಈಗಿನ ಸ್ಥಿತಿಯನ್ನು ಒಮ್ಮೆ ಕೊಡಿ, ಆಮೇಲೆ ಲೇಔಟ್ ಮತ್ತೆ ಲೆಕ್ಕ ಹಾಕಿಸಿ, ಹೊಸ ಸ್ಕಿನ್ನಿನ ಅಳತೆ ಬೇರೆ ಇರಬಹುದು. ಆ ಮೊದಲ ಸಲ ಅನಿಮೇಷನ್ ಬೇಡ ಎಂದು ಸ್ಕಿನ್‌ಗೆ ತಿಳಿಸಲು ಒಂದು ಗುರುತು ಇಡಿ. ಇಲ್ಲವಾದರೆ ಥೀಮ್ ಬದಲಾದಾಗ ಸೆಟ್ಟಿಂಗ್ಸ್ ಪುಟದ ಅಷ್ಟೂ ಬಟನ್‌ಗಳು ಆಫ್‌ನಿಂದ ಆನ್‌ಗೆ ಒಟ್ಟಿಗೆ ಜಾರುತ್ತವೆ. ನೋಡಿದವರು ಏನೋ ಬದಲಾಯಿತು ಎಂದು ಗಾಬರಿಯಾಗುತ್ತಾರೆ.

ಕೋಡಿನಿಂದ ಆನ್ ಮಾಡುವುದು ಬೇರೆ, ಬಳಕೆದಾರರು ಒತ್ತುವುದು ಬೇರೆ. ಎರಡಕ್ಕೂ ಒಂದೇ ಇವೆಂಟ್ ಇದ್ದರೆ ಬೇಗ ಸುಳಿಗೆ ಸಿಲುಕುತ್ತೀರಿ: ಡೇಟಾ ಬದಲಾಯಿತು, ಬಟನ್ ಆನ್ ಆಯಿತು, ಬಟನ್ ಇವೆಂಟ್ ಕಳಿಸಿತು, ಅದನ್ನು ಕೇಳಿದವರು ಡೇಟಾ ಬದಲಿಸಿದರು. ಸ್ವಿಂಗ್‌ನಲ್ಲಿ ಕೋಡಿನಿಂದ ಸೆಲೆಕ್ಟ್ ಮಾಡಿದರೆ ಐಟಂ ಇವೆಂಟ್ (ಸ್ಥಿತಿ ಬದಲಾಯಿತು) ಬರುತ್ತದೆ, ಆ್ಯಕ್ಷನ್ ಇವೆಂಟ್ (ಬಟನ್ ಒತ್ತಿದರು) ಬರುವುದಿಲ್ಲ. ಲಿಬ್‌ಜಿಡಿಎಕ್ಸ್ ಗೇಮ್ ಲೈಬ್ರರಿಯಲ್ಲಿ ಕೋಡಿನಿಂದಾದ ಬದಲಾವಣೆಗೆ ಇವೆಂಟ್ ಬೇಡ ಎಂದು ಬಟನ್‌ಗೇ ಹೇಳಿಡಬಹುದು. ನನಗೆ ಸ್ವಿಂಗ್ ದಾರಿ ಇಷ್ಟ. ಯಾವುದನ್ನೇ ಆರಿಸಿ, ಇದ್ದ ಬೆಲೆಯನ್ನೇ ಮತ್ತೆ ಕೊಟ್ಟರೆ ಏನೂ ಮಾಡದೆ ವಾಪಸ್ ಬರುವ ಒಂದು ಸಾಲನ್ನು ಮೊದಲಿಗೇ ಹಾಕಿಬಿಡಿ.

ನೀವು ಕೇಳದ ಒಂದು ಮಾತು, ಆದರೆ ಹೈ ಕಾಂಟ್ರಾಸ್ಟ್ ಥೀಮ್ ಇಟ್ಟಿದ್ದೀರಿ ಎಂದರೆ ನಿಮಗೆ ಇದರ ಕಾಳಜಿ ಇದೆ ಎಂದುಕೊಳ್ಳುತ್ತೇನೆ. ಆನ್ ಹಸಿರು, ಆಫ್ ಕೆಂಪು ಎಂದು ಬಣ್ಣದಿಂದಷ್ಟೇ ಹೇಳುವ ಸ್ಕಿನ್ನನ್ನು ಒಪ್ಪಿಕೊಳ್ಳಬೇಡಿ. ಬಣ್ಣ ಗುರುತಿಸಲಾಗದವರಿಗೆ ಎರಡೂ ಒಂದೇ. ಆಕಾರವೋ ಗುರುತೋ ಬದಲಾಗಬೇಕು. ಎಲ್ಲರೂ ಬಳಸಬಲ್ಲ ಪುಟಗಳಿಗಾಗಿ ಇರುವ ಡಬ್ಲ್ಯುಸಿಎಜಿ ನಿಯಮಗಳ ಎಎ ಮಟ್ಟದಲ್ಲಿ, ಬಟನ್ನಿನ ಸ್ಥಿತಿಯನ್ನು ತಿಳಿಸುವ ಭಾಗಕ್ಕೂ ಪಕ್ಕದ ಬಣ್ಣಕ್ಕೂ ಕನಿಷ್ಠ 3:1 ಕಾಂಟ್ರಾಸ್ಟ್ ಇರಬೇಕು. ತೆರೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಆನ್ ಆಫ್ ತಿಳಿಸುವುದು ಕಂಟ್ರೋಲಿನ ಕೆಲಸ, ಸ್ಕಿನ್ನಿನದ್ದಲ್ಲ. ಅಲ್ಲೊಂದು ಬಲೆ ಇದೆ: ಸ್ಥಿತಿಯನ್ನೂ ತಿಳಿಸಿ, ಹೆಸರನ್ನೂ 'ಮ್ಯೂಟ್' ಇದ್ದದ್ದು 'ಅನ್‌ಮ್ಯೂಟ್' ಎಂದು ಬದಲಿಸಿದರೆ, ಕಿವಿಗೆ ಬೀಳುವುದು 'ಅನ್‌ಮ್ಯೂಟ್, ಆನ್ ಇದೆ'. ಈಗ ಸದ್ದು ಬರುತ್ತದೋ ಇಲ್ಲವೋ ನೀವೇ ಹೇಳಿ. ಹೆಸರು ಒಂದೇ ಇರಲಿ, ಸ್ಥಿತಿ ಬದಲಾಗಲಿ.

ಕೊನೆಗೆ ಸ್ಲೈಡ್ ಸ್ವಿಚ್. ಬೇರೆ ಕ್ಲಾಸ್ ಬೇಡ, ಅದು ಇದೇ ಟಾಗಲ್ ಬಟನ್ನಿನ ಇನ್ನೊಂದು ಸ್ಕಿನ್. ಒಂದೇ ಒಂದು ತೊಡಕು: ಜನ ಅದರ ಗುಂಡನ್ನು ಬೆರಳಲ್ಲಿ ಎಳೆಯುತ್ತಾರೆ, ಗುಂಡು ಎಲ್ಲಿದೆ ಎಂಬುದು ಗೊತ್ತಿರುವುದು ಸ್ಕಿನ್‌ಗೆ ಮಾತ್ರ. ಹಾಗಾಗಿ ಇಲ್ಲಿ ಸ್ಕಿನ್‌ಗೆ ಬಾಯಿ ಕೊಡಲೇಬೇಕಾಗುತ್ತದೆ. ಎಳೆತ ಶುರುವಾದ ಕೂಡಲೇ ಸ್ಕಿನ್ ಕಂಟ್ರೋಲಿಗೆ ತಿಳಿಸಲಿ, ಕಂಟ್ರೋಲ್ ಸಜ್ಜನ್ನು ಇಳಿಸಿ, ಬಿಡುವವರೆಗೂ ಮತ್ತೆ ಏರಿಸದಿರಲಿ, ಆಗ ಬಿಟ್ಟಾಗ ಎರಡೆರಡು ಸಲ ಟಾಗಲ್ ಆಗುವುದಿಲ್ಲ. ಎಳೆತ ಮುಗಿದಾಗ ಗುಂಡು ಅರ್ಧ ದಾಟಿದೆಯೇ ಎಂದು ನೋಡಿ 'ಆನ್ ಮಾಡುತ್ತೀಯಾ' ಎಂದು ಸ್ಕಿನ್ ಕೇಳಲಿ. ಡಿಸೇಬಲ್ ಆಗಿದ್ದರೆ ಕಂಟ್ರೋಲ್ ಇಲ್ಲ ಎನ್ನಬಹುದು, ಆಗ ಸ್ಕಿನ್ ಗುಂಡನ್ನು ಇದ್ದಲ್ಲಿಗೇ ವಾಪಸ್ ಜಾರಿಸಲಿ.