“ಸಣ್ಣಗಾಗಿದ್ದೀಯ, ಚೆನ್ನಾಗಿ ಕಾಣ್ತೀಯ”

ಹಾಸನದಲ್ಲಿ ನಾನು ಆಪ್ತಸಲಹೆಗೆ ಕೂತ ಮೊದಮೊದಲು ಬರುತ್ತಿದ್ದವರ ಕಷ್ಟ ಪರೀಕ್ಷೆಯ ಭಯ, ಪ್ರೀತಿ-ಪ್ರೇಮ, ಮನೆಯ ಜಗಳ. ಈಗೀಗ “ಡಯಟ್ ಅಂತ ಶುರು ಮಾಡಿದ್ಲು ಮೇಡಂ, ಊಟಾನೇ ಬಿಟ್ಲು” ಎಂದು ಮಗಳನ್ನು ಕರೆತರುವ ತಾಯಂದಿರು ಹೆಚ್ಚಾಗಿದ್ದಾರೆ. ಅಂಥದ್ದೊಂದು ಪ್ರಕರಣ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆಯೂ ಇದೆ. ಅವಳ ತೂಕ ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು ಎಂಬುದನ್ನು ಮಾತ್ರ ಬೇಕೆಂದೇ ಬಿಟ್ಟಿದ್ದೇನೆ. ಬರೆದರೆ ಇದನ್ನು ಓದುವ ಇನ್ನೊಬ್ಬ ಹುಡುಗಿ ‘ನಾನಿನ್ನೂ ಅಷ್ಟಕ್ಕೆ ಇಳಿದಿಲ್ಲ’ ಎಂದು ಲೆಕ್ಕ ಹಾಕುತ್ತಾಳೆ.

ಅಪ್ಪನಿಗೆ ಆಲೂರು ಕಡೆ ಜಮೀನು, ಶುಂಠಿ ಬೆಳೆ. ಮಕ್ಕಳ ಓದಿಗೆಂದು ಅಮ್ಮ ಹಾಸನದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಾರೆ. ಹುಡುಗಿ ಡಿಗ್ರಿ ಮೊದಲ ವರ್ಷ. ಪಿಯುಸಿಯಲ್ಲಿ ಕೂತಲ್ಲೇ ಕೂತು ಓದಿ ಸ್ವಲ್ಪ ಮೈ ಬಂದಿತ್ತಂತೆ. ರಜೆಯಲ್ಲಿ ಮೊಬೈಲ್ ನೋಡಿಕೊಂಡು ರಾತ್ರಿ ಊಟ ಬಿಟ್ಟಳು, ಬೆಳಿಗ್ಗೆ ಕ್ರೀಡಾಂಗಣಕ್ಕೆ ಓಡಲು ಹೋದಳು. ಮನೆಯವರಿಗೆಲ್ಲ ಸಂತೋಷವೇ. ಚನ್ನರಾಯಪಟ್ಟಣದಲ್ಲಿ ನೆಂಟರ ಮದುವೆಯೊಂದಕ್ಕೆ ಹೋದಾಗ ದೊಡ್ಡಮ್ಮ ಕೈಹಿಡಿದು ನಿಲ್ಲಿಸಿ, “ಎಷ್ಟು ಸಣ್ಣಗಾಗಿದ್ದೀಯೇ, ಚೆನ್ನಾಗಿ ಕಾಣ್ತೀಯ ಈಗ!” ಎಂದರಂತೆ.

ಮುಂಗಾರು ಬರುವ ಹೊತ್ತಿಗೆ ಮಧ್ಯಾಹ್ನದ ಊಟವೂ ಹೋಯಿತು. ಜಡಿಮಳೆಯಲ್ಲೂ ಜರ್ಕಿನ್ ಹಾಕಿಕೊಂಡು ಓಡುತ್ತಿದ್ದಳು. ಮುಟ್ಟು ನಿಂತಿತು, ಕೂದಲು ಉದುರತೊಡಗಿತು, ಮನೆಯೊಳಗೂ ಸ್ವೆಟರ್ ಬಿಡುತ್ತಿರಲಿಲ್ಲ. ಅಜ್ಜಿ ದೃಷ್ಟಿ ತೆಗೆದರು. ಒಬ್ಬ ವೈದ್ಯರು “ರಕ್ತ ಸ್ವಲ್ಪ ಕಡಿಮೆ ಇದೆ, ಚೆನ್ನಾಗಿ ತಿನ್ನಮ್ಮ” ಎಂದು ಟಾನಿಕ್ ಬರೆದು ಕಳಿಸಿದರು.

ಚೆನ್ನಾಗಿ ತಿನ್ನಬೇಕು ಎಂಬುದು ಅವಳಿಗೆ ಗೊತ್ತಿರಲಿಲ್ಲವೇ? ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶ ಇದೆ, ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ ಎಂದು ನನಗೇ ಹೇಳಿಕೊಟ್ಟವಳು ಅವಳು. ಯಾವ ತಿಂಡಿಯ ಹೆಸರೆತ್ತಿದರೂ ಕ್ಯಾಲೊರಿ ನಾಲಿಗೆ ತುದಿಯಲ್ಲಿತ್ತು. ಕಾಲೇಜುಗಳಲ್ಲಿ ‘ಪೌಷ್ಟಿಕ ಆಹಾರದ ಅರಿವು’ ಎಂದು ಬ್ಯಾನರ್ ಕಟ್ಟಿ ಉಪನ್ಯಾಸ ಕೊಡಿಸುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ. ಹೀಗೆ ಊಟ ಬಿಡುವ ಕಾಯಿಲೆಗೆ (ವೈದ್ಯರು ಇದನ್ನು ಅನೊರೆಕ್ಸಿಯಾ ಎನ್ನುತ್ತಾರೆ) ಬಿದ್ದ ಮಕ್ಕಳು ಆ ಸಭಾಂಗಣದಲ್ಲಿ ಎಲ್ಲರಿಗಿಂತ ಹೆಚ್ಚು ತಿಳಿದವರು. ಇನ್ನಷ್ಟು ತಿಳಿಸಿದರೆ ಬಿಡಬೇಕಾದ ಪದಾರ್ಥಗಳ ಪಟ್ಟಿ ಉದ್ದವಾಗುತ್ತದೆ, ಅಷ್ಟೆ.

ಶುಂಠಿ ಕೀಳುವ ಕಾಲ ಎಂದು ಅಪ್ಪ ಬಂದಿರಲಿಲ್ಲ. ಬರಲೇಬೇಕು ಎಂದು ಹೇಳಿ ಕಳಿಸಿದ ಮೇಲೆ ಒಂದು ಶನಿವಾರ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಮಾತೆಲ್ಲ ಅಮ್ಮನದೇ. “ಅಡುಗೆಮನೇಲೇ ಇರ್ತಾಳೆ ಮೇಡಂ. ಒಬ್ಬಟ್ಟು ಮಾಡ್ತಾಳೆ, ಕೇಕ್ ಮಾಡ್ತಾಳೆ, ತಮ್ಮಂಗೆ ಬಲವಂತ ಮಾಡಿ ತಿನ್ನಿಸ್ತಾಳೆ. ತಾನು ಮಾತ್ರ ಒಂದು ಚೂರು ಬಾಯಿಗಿಡಲ್ಲ. ಕೇಳಿದ್ರೆ ಹಸಿವಿಲ್ಲ ಅಂತಾಳೆ. ಬರೀ ಹಟ.”

“ನೀವೇನು ನೋಡಿದ್ರಿ?” ಎಂದು ಅಪ್ಪನನ್ನು ಕೇಳಿದೆ.

“ನಾನು ವಾರಕ್ಕೊಂದ್ ಸಲ ಬರೋನು, ಈ ಡಯಟ್ಟು ಗಿಯಟ್ಟು ನಂಗೆ ತಿಳಿಯಲ್ಲ,” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹೋದ್ವಾರ ನಂಗೆ ಅಕ್ಕಿರೊಟ್ಟಿ ಹಾಕ್ಕೊಟ್ಲು. ಬಿಸಿ ರೊಟ್ಟಿ ಮೇಲೆ ಬೆಣ್ಣೆ ಇಟ್ಳು, ಎದುರಿಗೆ ಕೂತ್ಲು. ನಾನು ತುತ್ತು ಎತ್ತಿದ್ರೆ ಅವಳ ಕಣ್ಣೂ ಮೇಲಕ್ ಬರೋದು. ಕೈ ತಟ್ಟೆಗಿಳಿದ್ರೆ ಕಣ್ಣೂ ಇಳಿಯೋದು. ಬೆಣ್ಣೆ ಕರಗಿ ತಟ್ಟೆ ಅಂಚಿಗೆ ಬಂದಿತ್ತು, ಅದನ್ನೇ ನೋಡ್ತಿದ್ಲು. ಹಸಿವಿಲ್ದೋರು ಹಂಗೆ ನೋಡಲ್ಲ ಮೇಡಂ. ನನ್ ಮಗಳು ಹಸ್ಕೊಂಡಿದ್ದಾಳೆ.”

ಅಮ್ಮ ಏನೋ ಹೇಳಹೊರಟರು, ಕೈಸನ್ನೆ ಮಾಡಿ ತಡೆದೆ. ಹುಡುಗಿ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಆಮೇಲೆ ನನ್ನನ್ನಲ್ಲ, ಅಪ್ಪನನ್ನು ನೋಡಿ ಹೇಳಿದಳು: “ಹಸಿವಾಗತ್ತಪ್ಪಾ. ಯಾವಾಗ್ಲೂ ಆಗತ್ತೆ. ರಾತ್ರಿ ನಿದ್ದೆ ಬರಲ್ಲ, ಅಡುಗೆ ವಿಡಿಯೊ ನೋಡ್ಕೊಂಡು ಮಲಗ್ತೀನಿ.”

“ಮತ್ತೆ ತಿನ್ನೋಕೇನಮ್ಮಾ?”

“ತಿಂದ್ರೆ ಮತ್ತೆ ಮೊದಲಿನ ಥರ ಆಗ್ತೀನಿ. ಮೊದಲು ಮದುವೆ ಮನೇಲಿ ನನ್ನ ಯಾರೂ ಮಾತಾಡಿಸ್ತಿರ್ಲಿಲ್ಲ.”

ದೊಡ್ಡಮ್ಮನ ಮಾತು ಹೊರಬಂದದ್ದು ಆಗಲೇ. ಅಮ್ಮ ಮೆಲ್ಲಗೆ, “ಅವತ್ತು ನಂಗೂ ಖುಷಿಯಾಗಿತ್ತು” ಎಂದರು.

ಇದು ಹಟವಲ್ಲ ಎಂದು ಅವರಿಗೆ ಬಿಡಿಸಿ ಹೇಳಬೇಕಾಯಿತು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರಲ್ಲಿ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರನ್ನು, ಅವರ ಒಪ್ಪಿಗೆ ಪಡೆದೇ, ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರಲ್ಲಿ ಹಲವರಿಗೆ ಮೊದಲು ಅಡುಗೆಯ ಹುಚ್ಚಿರಲಿಲ್ಲ. ಹೊಟ್ಟೆ ಒಣಗುತ್ತ ಹೋದಂತೆ ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು, ದಿನವಿಡೀ ಊಟದ್ದೇ ಧ್ಯಾನ. ಸಿಡುಕು, ಮಂಕು, ಸದಾ ಚಳಿ. ಈ ಹುಡುಗಿಯ ಒಬ್ಬಟ್ಟು, ಕೇಕು, ಸ್ವೆಟರ್ ಎಲ್ಲ ಅದೇ. ಹಸಿದ ಮಿದುಳಿಗೆ ಬುದ್ಧಿವಾದ ಇಳಿಯುವುದಿಲ್ಲ. ಮೊದಲು ಊಟ, ಆಮೇಲೆ ಮಾತು.

ಹಾಗಾಗಿ ಮೊದಲ ಸಲಹೆ ನನ್ನ ಕೆಲಸಕ್ಕೆ ಸೇರಿದ್ದಲ್ಲ: ಪತ್ರ ಬರೆದು ಬೇರೆ ವೈದ್ಯರ ಬಳಿ ಕಳಿಸಿದೆ. ನಾಡಿ, ಇಸಿಜಿ, ರಕ್ತದ ಲವಣಾಂಶ ನೋಡಿಸಿ ಎಂದು ಬರೆದೆ. ಕೂತಾಗಿನ ನಾಡಿ ನಿಮಿಷಕ್ಕೆ 50ಕ್ಕಿಂತ ಕೆಳಗಿದ್ದರೆ, ಎದ್ದು ನಿಂತರೆ ತಲೆ ಸುತ್ತಿದರೆ ಅದು ಆಸ್ಪತ್ರೆಯ ವಿಷಯ, ನನ್ನ ಕೊಠಡಿಯದ್ದಲ್ಲ. ಬಹಳ ದಿನ ಉಪವಾಸವಿದ್ದ ಮೈಗೆ ಒಮ್ಮೆಲೇ ತುಪ್ಪ, ಉಂಡೆ ತುರುಕುವುದೂ ಅಪಾಯ. ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಅಂಟಿನುಂಡೆ ಕಟ್ಟಲು ಬೆಲ್ಲ ತರಿಸಿದ್ದ ಅಜ್ಜಿಗೆ ಇದನ್ನು ಒಪ್ಪಿಸುವುದು ಉಳಿದೆಲ್ಲಕ್ಕಿಂತ ಕಷ್ಟವಾಯಿತು.

ಎರಡನೆಯದು: ಸದ್ಯಕ್ಕೆ ಏನು, ಎಷ್ಟು ಎಂದು ಅಮ್ಮ ಬಡಿಸಬೇಕು, ಅವಳು ಅಳೆಯಬಾರದು. ಅಡುಗೆಮನೆಗೆ ಅವಳು ಹೋಗುವುದು ಬೇಡ. ಅಪ್ಪ ವಾರದಲ್ಲಿ ಇನ್ನೆರಡು ರಾತ್ರಿ ಹಾಸನಕ್ಕೆ ಬಂದು ಜೊತೆಗೆ ಕೂತು ಉಣ್ಣಬೇಕು. ಗದರಿಸುವುದು, ಕಣ್ಣೀರು ಹಾಕುವುದು, ಲಂಚದ ಆಸೆ ತೋರಿಸುವುದು ಯಾವುದೂ ಬೇಡ. “ಹದಿನೆಂಟು ತುಂಬಿದವಳಿಗೆ ಅಮ್ಮ ಬಡಿಸಬೇಕೆ? ಅವಳ ಸ್ವಾತಂತ್ರ್ಯ ಏನಾಯ್ತು?” ಎಂದು ನನ್ನದೇ ಕ್ಷೇತ್ರದ ಗೆಳತಿಯೊಬ್ಬಳು ಕೇಳಿದಳು. ಲಂಡನ್ನಿನ ಮಾಡ್ಸ್ಲೀ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಈ ಪದ್ಧತಿ, ಮನೆಯಲ್ಲಿರುವ ಹದಿವಯಸ್ಸಿನವರಿಗೆ ಸಲಹೆಗಾರರ ಬಳಿ ಒಬ್ಬರೇ ಕೂತು ಮಾತಾಡುವುದಕ್ಕಿಂತ ಹೆಚ್ಚು ಫಲ ಕೊಟ್ಟಿದೆ. ಇವಳಿಗೂ ಅದೇ ಸರಿಯೆನಿಸಿತು. ಜ್ವರ ಬಂದ ಮಗಳಿಗೆ ಮಾತ್ರೆ ಕೊಡುವಾಗ ನಾವು ಸ್ವಾತಂತ್ರ್ಯದ ಮಾತು ಎತ್ತುವುದಿಲ್ಲ.

ಮೂರನೆಯದಕ್ಕೆ ನೆಂಟರಿಂದ ಬೈಸಿಕೊಂಡೆ. ಅವಳ ಮೈಯ ಬಗ್ಗೆ ಮನೆಯಲ್ಲಿ ಯಾರೂ ಮಾತಾಡಕೂಡದು, ಹೊಗಳಿಕೆಯೂ ಸೇರಿದಂತೆ. “ಈಗ ಲಕ್ಷಣವಾಗಿ ಮೈ ತುಂಬ್ಕೊಂಡಿದ್ದೀಯ” ಎಂಬುದೂ ಬೇಡ. ಅವಳ ಕಿವಿಗೆ ಅದು ‘ದಪ್ಪಗಾಗಿದ್ದೀಯ’ ಎಂದೇ ಬೀಳುತ್ತದೆ. ತೂಕದ ಯಂತ್ರ ಅಟ್ಟಕ್ಕೆ. ದೊಡ್ಡಮ್ಮ ಫೋನ್ ಮಾಡಿ, “ಪ್ರೀತಿಯಿಂದ ಒಂದು ಮಾತಾಡೋದೂ ತಪ್ಪಾ?” ಎಂದರು. ಪ್ರೀತಿ ತಪ್ಪಲ್ಲ, ಕಾಲೇಜು ಹೇಗಿದೆ ಎಂದು ಕೇಳಿ ಎಂದೆ. ಹಂಗಿಸಿದರೆ ಮಕ್ಕಳು ತಿರುಗಿಬೀಳುತ್ತಾರೆ, ಸಿಟ್ಟು ಅವರನ್ನು ಸ್ವಲ್ಪ ಕಾಪಾಡುತ್ತದೆ. ಹೊಗಳಿಕೆಗೆ ತಿರುಗಿಬೀಳುವ ಮಗುವನ್ನು ನಾನಿನ್ನೂ ಕಂಡಿಲ್ಲ. ಅದನ್ನು ಉಳಿಸಿಕೊಳ್ಳಲು ಏನು ಬೇಕಾದರೂ ಬಿಡುತ್ತಾರೆ, ಊಟವನ್ನೂ.

ಓಟ ನಿಲ್ಲಿಸಿದ್ದಕ್ಕೆ ಅವಳಿಗೆ ನನ್ನ ಮೇಲೆ ಸಿಟ್ಟಿತ್ತು. ವ್ಯಾಯಾಮ ಒಳ್ಳೆಯದಲ್ಲವೇ? ಒಳ್ಳೆಯದೇ. ನಾನು ಕೇಳುವುದು ಒಂದೇ ಪ್ರಶ್ನೆ: “ಒಂದು ದಿನ ತಪ್ಪಿಸಿದರೆ ಏನಾಗತ್ತೆ?” ಆರೋಗ್ಯಕ್ಕೆ ಓಡುವವರು “ಏನಾಗತ್ತೆ, ನಾಳೆ ಓಡ್ತೀನಿ” ಎನ್ನುತ್ತಾರೆ. ಇವಳಿಗೆ ಉತ್ತರ ಹೇಳಲು ಆಗಲಿಲ್ಲ. ಜಿಮ್ಮಿಗೆ ಹೋಗುವ ಹುಡುಗರಿಗೂ ಇದನ್ನೇ ಕೇಳುತ್ತೇನೆ. ಅವರದ್ದು ತಿರುಗುಮುರುಗು: ತೋಳು ಎಷ್ಟು ಉಬ್ಬಿದರೂ ಕನ್ನಡಿಯಲ್ಲಿ ಕಡ್ಡಿಯಾಗೇ ಕಾಣುತ್ತಾರೆ. ಅಪ್ಪಂದಿರು ಡಬ್ಬಿಗಟ್ಟಲೆ ಪ್ರೋಟೀನ್ ಪುಡಿ ಕೊಡಿಸಿ ಹೆಮ್ಮೆಪಡುತ್ತಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಮೈಕಟ್ಟಿಗಾಗಿ ಆ ಪುಡಿ ಬೇಡ ಎಂದೇ ಹೇಳಿದೆ. ನಮ್ಮ ಹುರುಳಿ, ಅವರೆ, ಕಡಲೆಕಾಯಿ, ಮೊಟ್ಟೆ ಏನು ಪಾಪ ಮಾಡಿದ್ದವು? ಹುಡುಗರ ವಿಷಯ ಇನ್ನೊಮ್ಮೆ ಬರೆಯುತ್ತೇನೆ.

ಹುಡುಗಿ ಈಗ ಮೂರು ಹೊತ್ತು ಉಣ್ಣುತ್ತಾಳೆ. ಎಲ್ಲ ಸರಿಹೋಯಿತು ಎನ್ನಲಾರೆ. ಮುಟ್ಟು ಇನ್ನೂ ಮರಳಿಲ್ಲ, ಹಬ್ಬದ ದಿನ ಕಷ್ಟಪಡುತ್ತಾಳೆ, ವೈದ್ಯರ ಭೇಟಿ ನಡೆದಿದೆ. ನಿಮ್ಮ ಮನೆಯಲ್ಲೂ ಇಂಥ ಮಗು ಇದ್ದು ಎಲ್ಲಿಂದ ಶುರು ಮಾಡುವುದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ.

ಮೊನ್ನೆ ಕಾಲೇಜೊಂದರಿಂದ ‘ಫಿಟ್‌ನೆಸ್ ಸಪ್ತಾಹ’ಕ್ಕೆ ಕರೆ ಬಂತು. ಎಲ್ಲ ವಿದ್ಯಾರ್ಥಿಗಳನ್ನೂ ಸಾಲಾಗಿ ನಿಲ್ಲಿಸಿ ತೂಕ ನೋಡಿ, ಗಟ್ಟಿಯಾಗಿ ಓದಿ ಬರೆದುಕೊಳ್ಳುತ್ತಾರಂತೆ, ಆಮೇಲೆ ನನ್ನ ಭಾಷಣ. ಯಂತ್ರ ಇದ್ದರೆ ನಾನು ಬರುವುದಿಲ್ಲ ಎಂದೆ. ಪ್ರಿನ್ಸಿಪಾಲರು ಒಪ್ಪಿದ್ದಾರೆ. ದೈಹಿಕ ಶಿಕ್ಷಕರು ಇನ್ನೂ ಒಪ್ಪಿಲ್ಲ.