ಟ್ಯೂನ್ ಮಾಡಿಸಿದ ಕಾರು ಆಕ್ಸಿಲರೇಟರ್ ಒತ್ತಿದಾಗ ಹಿಂದೇಟು ಹಾಕುತ್ತಿದೆ, ಆಕ್ಸಿಜನ್ ಸೆನ್ಸರ್ ಮತ್ತೆ ಬದಲಿಸಬೇಕೇ?

ಸದ್ಯಕ್ಕೆ ಇನ್ನೊಂದು ಸೆನ್ಸರ್ ಕೊಳ್ಳಬೇಡಿ. ನೀವು ಹೇಳಿರುವುದು ಇಷ್ಟು: ಟರ್ಬೊ ಪೆಟ್ರೋಲ್ ಕಾರು, ದೊಡ್ಡ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ), ಹೊಸ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಹೊರಗೊಯ್ಯುವ ಪೈಪ್), ಅದರ ಮೇಲೆ ರೀಮ್ಯಾಪ್, ಅಂದರೆ ಎಂಜಿನ್ ಕಂಪ್ಯೂಟರ್‌ನ ಲೆಕ್ಕದ ಟೇಬಲ್‌ಗಳ (ಮ್ಯಾಪ್) ತಿದ್ದುಪಡಿ. ಆಕ್ಸಿಲರೇಟರ್ ಒತ್ತಿದ ತಕ್ಷಣ ಗಾಡಿ ಅರೆಗಳಿಗೆ ತಡವರಿಸಿ ಆಮೇಲೆ ಎಳೆಯುತ್ತದೆ. ಸ್ಕ್ಯಾನರ್‌ನಲ್ಲಿ ಪಿ0171 ಮತ್ತು ಪಿ0133 ಬರುತ್ತಿವೆ. ಎಂಜಿನ್‌ಗೆ ಹತ್ತಿರದ, ಮುಂಭಾಗದ ಆಕ್ಸಿಜನ್ ಸೆನ್ಸರ್ ಬದಲಿಸಿದಿರಿ, ಎರಡೂ ಕೋಡ್ ವಾಪಸ್ ಬಂದವು. ಈಗ ಸೆನ್ಸರ್ ಮತ್ತೆ ಬದಲಿಸಬೇಕಾ, ಮ್ಯಾಪ್ ಮತ್ತೆ ಮಾಡಿಸಬೇಕಾ ಅಂತ ಕೇಳಿದ್ದೀರಿ.

ನಾನು ಟ್ಯೂನಿಂಗ್ ಕೆಲಸವನ್ನೇ ಮಾಡುವವನು. ಇಂಥ ಗಾಡಿಗಳಲ್ಲಿ ಹೆಚ್ಚಿನ ಸಲ ಸೆನ್ಸರ್ ತನಗೆ ಕಂಡದ್ದನ್ನೇ ಹೇಳುತ್ತಿರುತ್ತದೆ. ತೊಂದರೆ ಇರುವುದು ಅದರ ಹಿಂದೆ. ಪಿ0171 ಅಂದರೆ ಸೆನ್ಸರ್ ಕೆಟ್ಟಿದೆ ಅಂತಲ್ಲ. ಇಸಿಯು (ಎಂಜಿನ್ ಕಂಪ್ಯೂಟರ್) ತನ್ನ ಕೈಲಾದಷ್ಟು ಪೆಟ್ರೋಲ್ ಹೆಚ್ಚಿಸಿದರೂ ಮಿಶ್ರಣ ಲೀನ್ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ) ಅಂತಲೇ ಕಾಣುತ್ತಿದೆ ಅಂತ. ಸೆನ್ಸರ್ ಪೆಟ್ರೋಲನ್ನು ನೋಡುವುದೇ ಇಲ್ಲ. ಹೊರಹೋಗುವ ಹೊಗೆಯಲ್ಲಿ ಉಳಿದ ಆಕ್ಸಿಜನ್ ಮಾತ್ರ ಅದಕ್ಕೆ ಗೊತ್ತು. ಆಕ್ಸಿಜನ್ ಉಳಿಯಲು ಪೆಟ್ರೋಲ್ ನಿಜವಾಗಿ ಕಡಿಮೆಯಾಗಿರಬಹುದು. ಪ್ಲಗ್ ಸರಿಯಾಗಿ ಕಿಡಿ ಕೊಡದೆ ಮಿಸ್ಸಿಂಗ್ ಆಗಿರಬಹುದು. ಆಗ ಪೆಟ್ರೋಲ್ ಬೇಕಾದಷ್ಟಿದ್ದರೂ ಉರಿಯದ ಗಾಳಿ ಹಾಗೇ ಹೊರಬರುತ್ತದೆ. ಇಲ್ಲವೇ ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್ ಎಲ್ಲೋ ಸೋರಿ, ಹೊರಗಿನ ಗಾಳಿ ಒಳಗೆ ಸೇರುತ್ತಿರಬಹುದು.

ನೀವು ಡೌನ್‌ಪೈಪ್ ಬದಲಿಸಿದ್ದೀರಿ, ಹಾಗಾಗಿ ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ರಾತ್ರಿಯಿಡೀ ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿ, ಬಾನೆಟ್ ಎತ್ತಿ, ಟರ್ಬೊ ಹತ್ತಿರ ಕಿವಿ ಕೊಡಿ. ಸಣ್ಣಗೆ ಟಿಕ್ ಟಿಕ್ ಅಂತ ಕೇಳಿಸಿ, ಬಿಸಿಯಾದ ಮೇಲೆ ನಿಂತರೆ ಎಕ್ಸಾಸ್ಟ್ ಸೋರಿಕೆಯ ಅನುಮಾನ ಬಲವಾಗುತ್ತದೆ. ಬಿಸಿಗೆ ಲೋಹ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ. ಆಮೇಲೆ ಎಂಜಿನ್ ಪೂರ್ತಿ ಆರಿದಾಗ ಕ್ಲ್ಯಾಂಪ್ ಮತ್ತು ಫ್ಲ್ಯಾಂಜ್ ಸುತ್ತ ಟಾರ್ಚ್ ಹಿಡಿದು ನೋಡಿ. ಸೋರುವ ಕಡೆ ಕಪ್ಪು ಮಸಿ ಬೀಸಣಿಗೆಯ ಹಾಗೆ ಹರಡಿರುತ್ತದೆ. ಹೊಗೆ ಒಂದೇ ಸಮನೆ ಬರುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಎರಡು ಬಡಿತಗಳ ನಡುವೆ ಒತ್ತಡ ಇಳಿದಾಗ ಆ ಸಂದಿನಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಐಡಲ್‌ನಲ್ಲಿ ಇದು ಜಾಸ್ತಿ. ಹೊಸ ಡೌನ್‌ಪೈಪ್‌ನಲ್ಲಿ ಸೆನ್ಸರ್ ಕೂರಿಸುವ ಜಾಗ ಮೊದಲಿಗಿಂತ ಕೆಳಗೆ ಸರಿದಿದೆಯಾ ಅಂತಲೂ ನೋಡಿ. ಸರಿದಿದ್ದರೆ ಹೊಗೆ ಅಲ್ಲಿಗೆ ತಲುಪುವುದೇ ತಡ, ತಲುಪುವಷ್ಟರಲ್ಲಿ ತಣ್ಣಗೂ ಆಗಿರುತ್ತದೆ. ಸೆನ್ಸರ್ ಚೆನ್ನಾಗಿದ್ದರೂ ಇಸಿಯುಗೆ ಅದು ನಿಧಾನ ಅನ್ನಿಸುತ್ತದೆ. ಪಿ0133 ಅಂದರೆ ಅದೇ, ನಿಧಾನ ಪ್ರತಿಕ್ರಿಯೆ. ಹೊಸ ಸೆನ್ಸರ್ ಹಾಕಿದರೂ ಕೋಡ್ ವಾಪಸ್ ಬಂದದ್ದಕ್ಕೆ ನನ್ನ ಮೊದಲ ಅನುಮಾನ ಇದೇ.

ಇನ್ನು ತಡವರಿಕೆ. ಇದನ್ನು ಕೋಡ್‌ನಿಂದ ಬೇರೆ ಮಾಡಿ ನೋಡಬೇಕು. ನೀವು ಆಕ್ಸಿಲರೇಟರ್ ಒತ್ತಿದ ಆ ಅರೆಗಳಿಗೆಯಲ್ಲಿ ಸೆನ್ಸರ್ ಮಾಡುವುದು ಬಹಳ ಕಡಿಮೆ. ಅದು ನೋಡುವುದು ಉರಿದು ಮುಗಿದ ಹೊಗೆಯನ್ನು. ಆ ಕ್ಷಣಕ್ಕೆ ಎಷ್ಟು ಪೆಟ್ರೋಲ್ ಬೇಕು ಅಂತ ಮ್ಯಾಪ್ ಮೊದಲೇ ಲೆಕ್ಕ ಹಾಕಿರುತ್ತದೆ. ಹಾಗಾಗಿ ಒಂದು ಸುಲಭ ಪರೀಕ್ಷೆ ಇದೆ. ನಿಮ್ಮ ಟ್ಯೂನರ್‌ಗೆ ಹೇಳಿ ಕ್ಲೋಸ್ಡ್ ಲೂಪ್ (ಸೆನ್ಸರ್ ನೋಡಿ ಇಸಿಯು ಪೆಟ್ರೋಲ್ ತಿದ್ದುವುದು) ಆಫ್ ಮಾಡಿಸಿ, ಕಲಿತ ಟ್ರಿಮ್‌ಗಳನ್ನೂ (ಹಾಗೆ ತಿದ್ದಿ ನೆನಪಿಟ್ಟುಕೊಂಡ ಪೆಟ್ರೋಲ್ ತಿದ್ದುಪಡಿ) ಸೊನ್ನೆಗೆ ತರಿಸಿ. ಈಗಲೂ ಅದೇ ಜಾಗದಲ್ಲಿ ಅಷ್ಟೇ ತಡವರಿಸಿದರೆ ಅದಕ್ಕೆ ಸೆನ್ಸರ್ ಕಾರಣ ಅಲ್ಲ. ತಡವರಿಕೆ ಮಾಯವಾದರೆ, ಸೆನ್ಸರ್ ಕೊಟ್ಟ ತಪ್ಪು ಸುದ್ದಿ ನಂಬಿ ಇಸಿಯು ಮಿಶ್ರಣ ಹಾಳು ಮಾಡುತ್ತಿತ್ತು ಅಂತ. ಟ್ರಿಮ್ ಸೊನ್ನೆ ಮಾಡದೆ ಈ ಪರೀಕ್ಷೆ ಮಾಡಿದರೆ ಉಪಯೋಗ ಇಲ್ಲ, ಹಳೆಯ ತಿದ್ದುಪಡಿ ಒಳಗೇ ಕೂತಿರುತ್ತದೆ. ಈ ಸ್ಥಿತಿಯಲ್ಲಿ ಪೂರ್ತಿ ಬೂಸ್ಟ್ (ಟರ್ಬೊ ಒತ್ತಿ ಕಳಿಸುವ ಗಾಳಿಯ ಒತ್ತಡ) ಹೊಡೆಸಬೇಡಿ. ಬೂಸ್ಟ್‌ನಲ್ಲಿ ಲೀನ್ ಆದರೆ ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿಯುವುದು) ಬಂದು ಪಿಸ್ಟನ್ ಹೋಗುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ, ಒಡೆದ ಪಿಸ್ಟನ್ ಬಿಚ್ಚಿ ನೋಡಿದ್ದೇನೆ.

ಆಮೇಲೆ ಲಾಗ್ (ಗಾಡಿ ಓಡುವಾಗಿನ ಇಸಿಯು ಅಂಕಿಗಳ ದಾಖಲೆ) ತೆಗೆಯಿರಿ. ಖಾಲಿ ರಸ್ತೆ ಇರಲಿ, ಲ್ಯಾಪ್‌ಟಾಪ್ ಇನ್ನೊಬ್ಬರ ಕೈಯಲ್ಲಿರಲಿ. ಮೂರನೇ ಗೇರ್‌ನಲ್ಲಿ 2000 ಆರ್‌ಪಿಎಂ ಸುತ್ತಮುತ್ತ ಒಂದೇ ವೇಗದಲ್ಲಿ ಹೋಗುತ್ತಾ ಆಕ್ಸಿಲರೇಟರನ್ನು ಥಟ್ಟನೆ ಅರ್ಧಕ್ಕೆ ಒತ್ತಿ. ಥ್ರಾಟಲ್, ಮ್ಯಾನಿಫೋಲ್ಡ್ ಒತ್ತಡ, ಲ್ಯಾಂಬ್ಡಾ (ಮಿಶ್ರಣದ ಅಳತೆ; 1 ಅಂದರೆ ಸರಿಸಮ, ಅದಕ್ಕಿಂತ ಮೇಲೆ ಲೀನ್), ಇಗ್ನಿಷನ್ ಟೈಮಿಂಗ್, ನಾಕ್ ರಿಟಾರ್ಡ್ (ನಾಕಿಂಗ್ ತಡೆಯಲು ಕಿಡಿಯನ್ನು ತಡ ಮಾಡುವುದು), ಆ ಕ್ಷಣದ ಮತ್ತು ಕಲಿತ ಟ್ರಿಮ್ ಎರಡೂ ಲಾಗ್‌ನಲ್ಲಿ ಇರಲಿ. ಒತ್ತಿದ ತಕ್ಷಣ ಲ್ಯಾಂಬ್ಡಾ 1.2 ದಾಟಿ ಜಿಗಿದು ಕೆಳಗೆ ಬಂದರೆ ಆ ಕ್ಷಣದ ಹೆಚ್ಚುವರಿ ಪೆಟ್ರೋಲ್ ಸಾಲುತ್ತಿಲ್ಲ. ಥ್ರಾಟಲ್ ತೆರೆದಾಗ ಇನ್‌ಟೇಕ್ ಒತ್ತಡ ಏರಿ, ಇಂಜೆಕ್ಟರ್ ಬಿಟ್ಟ ಪೆಟ್ರೋಲ್‌ನಲ್ಲಿ ಒಂದಿಷ್ಟು ಪೋರ್ಟ್ (ಸಿಲಿಂಡರ್‌ಗೆ ಗಾಳಿ ಹೋಗುವ ದಾರಿ) ಗೋಡೆಗೆ ಅಂಟಿ ಉಳಿಯುತ್ತದೆ, ಅದನ್ನು ತುಂಬಿಕೊಡಬೇಕು. ಇದು ಪೋರ್ಟ್ ಇಂಜೆಕ್ಷನ್ ಗಾಡಿಗಳ ಮಾತು. ಲ್ಯಾಂಬ್ಡಾ 0.7 ಕಡೆಗೆ ಬಿದ್ದರೆ ಉಲ್ಟಾ, ಪೆಟ್ರೋಲ್ ಜಾಸ್ತಿಯಾಗಿ ಉಸಿರು ಕಟ್ಟುತ್ತಿದೆ. ಮಾಸ್ ಏರ್‌ಫ್ಲೋ ಸೆನ್ಸರ್ ಇರುವ ಗಾಡಿಗೆ ಗಾಳಿ ಹೊರಗೆ ಬಿಡುವ ಬ್ಲೋ ಆಫ್ ವಾಲ್ವ್ ಹಾಕಿದ್ದರೆ ಗೇರ್ ಬದಲಿಸುವಾಗ ಹೀಗೇ ಆಗುತ್ತದೆ. ಅಳೆದು ಲೆಕ್ಕಕ್ಕೆ ತೆಗೆದುಕೊಂಡ ಗಾಳಿ ಎಂಜಿನ್ ಸೇರದೆ ಹೊರಗೆ ಹೋಗಿರುತ್ತದೆ, ಪೆಟ್ರೋಲ್ ಮಾತ್ರ ಬಂದಿರುತ್ತದೆ. ಶಬ್ದ ಚೆನ್ನಾಗಿದೆ ಅಂತ ಹಾಕಿಸುವವರು ಇದನ್ನು ಯೋಚಿಸುವುದಿಲ್ಲ.

ಟ್ರಿಮ್ ಓದುವುದು ಹೀಗೆ. ಐಡಲ್‌ನಲ್ಲಿ ಶೇ. 15-20 ಪ್ಲಸ್ ಇದ್ದು 2500 ಆರ್‌ಪಿಎಂನಲ್ಲಿ ಸೊನ್ನೆಯ ಹತ್ತಿರ ಬಂದರೆ ವ್ಯಾಕ್ಯೂಮ್ ಸೋರಿಕೆ (ಇನ್‌ಟೇಕ್ ಸಂದಿನಿಂದ ಹೊರಗಾಳಿ ಒಳಸೇರುವುದು) ಅಂತ ಎಲ್ಲರೂ ಹೇಳುತ್ತಾರೆ. ಮಾಮೂಲಿ ಗಾಡಿಗೆ ಅದು ಸರಿ. ನಿಮ್ಮ ಗಾಡಿಯಲ್ಲಿ ದೊಡ್ಡ ಇಂಜೆಕ್ಟರ್ ಇದೆಯಲ್ಲ, ಅಲ್ಲೇ ಇನ್ನೊಂದು ಕಾರಣ ಅಡಗಿರಬಹುದು. ಕರೆಂಟ್ ಕೊಟ್ಟ ತಕ್ಷಣ ಇಂಜೆಕ್ಟರ್ ತೆರೆಯುವುದಿಲ್ಲ, ಸುಮಾರು 1 ಮಿಲಿಸೆಕೆಂಡ್ ಹಿಡಿಯುತ್ತದೆ. ಇದನ್ನು ಡೆಡ್ ಟೈಮ್ ಅನ್ನುತ್ತಾರೆ. ಐಡಲ್‌ನಲ್ಲಿ ಇಡೀ ಪಲ್ಸ್ (ಒಂದು ಸಲ ಕರೆಂಟ್ ಕೊಡುವ ಅವಧಿ) 2 ಮಿಲಿಸೆಕೆಂಡ್ ಇದ್ದರೆ ಡೆಡ್ ಟೈಮ್‌ನಲ್ಲಿ 0.2 ತಪ್ಪಿದರೂ ಪೆಟ್ರೋಲ್ ಐದನೇ ಒಂದು ಪಾಲು ಏರುಪೇರಾಗುತ್ತದೆ. ಲೋಡ್‌ನಲ್ಲಿ ಪಲ್ಸ್ 12 ಆದಾಗ ಅದೇ ತಪ್ಪು ಗೊತ್ತೂ ಆಗುವುದಿಲ್ಲ. ಅಂದರೆ ಲಾಗ್‌ನಲ್ಲಿ ಥೇಟ್ ವ್ಯಾಕ್ಯೂಮ್ ಸೋರಿಕೆಯಂತೆಯೇ ಕಾಣುತ್ತದೆ. ಇವೆರಡನ್ನು ಬೇರೆ ಮಾಡಲು ಐಡಲ್‌ನಲ್ಲಿ ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಹೀಟರ್ ಎಲ್ಲ ಹಾಕಿ ಬ್ಯಾಟರಿ ವೋಲ್ಟೇಜ್ ಇಳಿಸಿ. ವೋಲ್ಟೇಜ್ ಇಳಿದಾಗ ಟ್ರಿಮ್ ಎದ್ದು ಕಾಣುವಷ್ಟು ಬದಲಾದರೆ ಮ್ಯಾಪ್‌ನಲ್ಲಿರುವ ಡೆಡ್ ಟೈಮ್ ಟೇಬಲ್ ನಿಮ್ಮ ಇಂಜೆಕ್ಟರ್‌ಗೆ ಹೊಂದಿಲ್ಲ. ಬದಲಾಗದಿದ್ದರೆ ಸ್ಮೋಕ್ ಟೆಸ್ಟ್ (ಒಳಗೆ ಹೊಗೆ ಬಿಟ್ಟು ಸೋರಿಕೆ ಹುಡುಕುವುದು) ಮಾಡಿಸಿ ಹೋಸ್‌ಗಳನ್ನು ನೋಡಿ. ಐಡಲ್‌ನಲ್ಲಿ ಚೆನ್ನಾಗಿದ್ದು ಲೋಡ್ ಏರಿದ ಹಾಗೆ ಟ್ರಿಮ್ ಪ್ಲಸ್ ಕಡೆಗೆ ಏರಿದರೆ ಪಂಪ್, ಫಿಲ್ಟರ್, ಏರ್‌ಫ್ಲೋ ಸೆನ್ಸರ್ ಕಡೆ ಹೋಗಿ.

ಪ್ಲಗ್ ಬಿಚ್ಚಿ ಗ್ಯಾಪ್ (ಕಿಡಿ ಹಾರುವ ಸಂದು) ಅಳೆಯಿರಿ. ಕಂಪನಿ ಕೊಟ್ಟ ಗ್ಯಾಪ್ ಹೆಚ್ಚಿನ ಬೂಸ್ಟ್‌ಗೆ ಜಾಸ್ತಿಯಾಗಿ ಕಿಡಿ ಆರಿಹೋಗಬಹುದು. 0.7 ಮಿ.ಮೀ. ಆಸುಪಾಸಿಗೆ ಇಳಿಸಿದ ಮೇಲೆ ಸರಿಹೋದ ಗಾಡಿಗಳಿವೆ.

ಇಷ್ಟಾದ ಮೇಲೆ ಸೆನ್ಸರ್. ಸಾಮಾನ್ಯವಾಗಿ ನಾಲ್ಕು ತಂತಿಯದು ನ್ಯಾರೋಬ್ಯಾಂಡ್ (ಪೆಟ್ರೋಲ್ ಕಡಿಮೆಯೋ ಜಾಸ್ತಿಯೋ ಅಂತಷ್ಟೇ ಹೇಳುವುದು), ಐದು ಅಥವಾ ಆರು ತಂತಿಯದು ವೈಡ್‌ಬ್ಯಾಂಡ್ (ಎಷ್ಟು ಅಂತಲೂ ಅಳೆಯುವುದು). ಕೆಲವು ಕಂಪನಿಗಳು ನಾಲ್ಕು ತಂತಿಯಲ್ಲೂ ವೈಡ್‌ಬ್ಯಾಂಡ್ ಥರದ ಏರ್ ಫ್ಯೂಯಲ್ ಸೆನ್ಸರ್ ಕೊಟ್ಟಿವೆ, ಅದಕ್ಕೆ ಮ್ಯಾನ್ಯುಯಲ್ ನೋಡಿಕೊಳ್ಳಿ. ನ್ಯಾರೋಬ್ಯಾಂಡ್ ಆದರೆ ಬಿಸಿ ಎಂಜಿನ್‌ನಲ್ಲಿ 0.1 ಮತ್ತು 0.9 ವೋಲ್ಟ್ ನಡುವೆ ಬಿಡದೆ ಓಡಾಡುತ್ತಿರಬೇಕು. ಜೋರಾಗಿ ಎಳೆಸಿದಾಗ 0.8 ದಾಟಬೇಕು. ಗೇರ್‌ನಲ್ಲೇ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿಜಾರಿನಲ್ಲಿ ಬಂದರೆ ಇಂಜೆಕ್ಟರ್ ನಿಂತು ಬರೀ ಗಾಳಿ ಹೋಗುತ್ತದೆ, ಆಗ ಸೊನ್ನೆಯ ಹತ್ತಿರಕ್ಕೆ ಥಟ್ಟನೆ ಬೀಳಬೇಕು. ಎರಡೂ ತುದಿ ಬೇಗ ಮುಟ್ಟಿದರೆ ಸೆನ್ಸರ್ ಚೆನ್ನಾಗಿದೆ. 0.45 ಸುತ್ತ ಸುಮ್ನೆ ಕೂತಿದ್ದರೆ ಹೀಟರ್ ಅಥವಾ ವೈರಿಂಗ್ ನೋಡಿ. ಬಿಚ್ಚಿದಾಗ ತುದಿಯಲ್ಲಿ ಬಿಳಿ ಪುಡಿಯಂಥ ಪದರ ಇದ್ದರೆ ಸಿಲಿಕೋನ್ ಸೀಲಂಟ್ ಅಥವಾ ಕೂಲೆಂಟ್ ಒಳಗೆ ಹೋಗಿದೆ. ಅದನ್ನು ಸರಿಮಾಡದೆ ಹಾಕಿದ ಹೊಸ ಸೆನ್ಸರೂ ಸಾಯುತ್ತದೆ.

ನಿಜವಾಗಿ ಬದಲಿಸುವ ಹಾಗಾದರೆ ಎರಡು ವಿಷಯ ಮೆಕ್ಯಾನಿಕ್‌ಗೆ ಹೇಳಿ. ತಂತಿ ಕತ್ತರಿಸಿ ಬೆಸುಗೆ ಹಾಕುವುದು ಬೇಡ, ಅದೇ ಕನೆಕ್ಟರ್ ಇರುವ ಸೆನ್ಸರ್ ತನ್ನಿ. ಎಷ್ಟೋ ಸೆನ್ಸರ್‌ಗಳು ಹೋಲಿಕೆಗೆ ಬೇಕಾದ ಹೊರಗಾಳಿಯನ್ನು ತಂತಿಯ ಎಳೆಗಳ ನಡುವಿನಿಂದಲೇ ಪಡೆಯುತ್ತವೆ, ಬೆಸುಗೆ ಆ ದಾರಿಯನ್ನು ಮುಚ್ಚುತ್ತದೆ. ಮತ್ತೆ, ಡೌನ್‌ಪೈಪ್‌ಗೆ ಹೊಸದಾಗಿ ಸೆನ್ಸರ್ ಜಾಗ ಬೆಸೆಯಿಸುವುದಾದರೆ ಪೈಪ್‌ನ ಮೇಲ್ಭಾಗಕ್ಕೆ, ಸೆನ್ಸರ್ ತುದಿ ಕೆಳಮುಖವಾಗಿ ಓರೆ ಇರುವಂತೆ ಮಾಡಿಸಿ. ಪೈಪ್‌ನ ತಳದಲ್ಲಿ ನಿಲ್ಲುವ ನೀರು ಬಿಸಿ ಸೆರಾಮಿಕ್‌ಗೆ ತಾಗಿದರೆ ಅದು ಬಿರುಕು ಬಿಡುತ್ತದೆ.