ಮನೆಯಲ್ಲೇ ಶಿಶುಪಾಲನೆ: ಬೆಂಕಿಯ ಮುನ್ನೆಚ್ಚರಿಕೆಯಲ್ಲಿ ಮೊದಲು ಎಣಿಸಬೇಕಾದದ್ದು ಕೈಗಳನ್ನು

ಪ್ರಶ್ನೆ: ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಬಳಿಯ ನಮ್ಮ ಹಳೆಯ ಹಂಚಿನ ಮನೆಯಲ್ಲಿ, ಕೆಲಸಕ್ಕೆ ಹೋಗುವ ನೆರೆಹೊರೆಯವರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತಿದ್ದೇನೆ. ಈಗ ಏಳು ಮಕ್ಕಳಿದ್ದಾರೆ. ಇಬ್ಬರು ತೊಟ್ಟಿಲ ಕೂಸುಗಳು, ಒಂದು ಮಗುವಿಗೆ ಒಂದೂವರೆ ವರ್ಷ, ಉಳಿದ ನಾಲ್ವರು ಮೂರರಿಂದ ಐದು ವರ್ಷದವರು. ಮನೆಯಲ್ಲಿ ನಾನು ಮತ್ತು ಮೊಣಕಾಲು ನೋವಿರುವ ಅತ್ತೆ ಮಾತ್ರ ಇರುತ್ತೇವೆ. ಅಡುಗೆಗೆ ಗ್ಯಾಸ್, ಬಚ್ಚಲಿಗೆ ಕಟ್ಟಿಗೆಯ ಒಲೆ. ಬೆಂಕಿ ನಂದಿಸುವ ಸಿಲಿಂಡರ್ ಇಟ್ಟಿದ್ದೀರಾ ಎಂದು ಒಂದು ಮಗುವಿನ ತಂದೆ ಕೇಳಿದರು. ಯಾವುದನ್ನು ಕೊಳ್ಳಬೇಕು? ಅದೊಂದಿದ್ದರೆ ಸಾಕೇ?

ಉತ್ತರ: ಕೊಳ್ಳಿರಿ, ಆದರೆ ಅದು ಎರಡನೆಯ ಮಾತು. ನಂದಿಸುವ ಸಾಧನವನ್ನು ಬಳಸಬೇಕಾದರೆ ನೀವು ಬೆಂಕಿಯ ಎದುರು ನಿಲ್ಲಬೇಕಾಗುತ್ತದೆ, ಆ ಹೊತ್ತಿನಲ್ಲಿ ಏಳು ಮಕ್ಕಳ ಬಳಿ ಯಾರೂ ಇರುವುದಿಲ್ಲ. ಹೊಗೆ ಕಂಡ ಕ್ಷಣದಲ್ಲಿ ಏಳೂ ಮಕ್ಕಳನ್ನು ಒಂದೇ ಸಲಕ್ಕೆ, ಮತ್ತೆ ಒಳಗೆ ಹೋಗದೆ, ಅಂಗಳ ದಾಟಿಸಲು ನಿಮ್ಮಿಂದ ಸಾಧ್ಯವೇ ಎಂಬುದೇ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ.

ನಿಮ್ಮ ಪತ್ರದ ಪ್ರಕಾರ ಈಗ ಅದು ಸಾಧ್ಯವಿಲ್ಲ. ಎರಡು ಕೂಸುಗಳನ್ನು ಎತ್ತಿಕೊಂಡರೆ ನಿಮ್ಮ ಎರಡೂ ಕೈ ತುಂಬಿತು. ಒಂದೂವರೆ ವರ್ಷದ ಮಗು ನಡೆಯುತ್ತದೆ ನಿಜ, ಆದರೆ ಗಾಬರಿಯಲ್ಲಿ ಹೇಳಿದ ಕಡೆಗೆ ನಡೆಯುತ್ತದೆ ಎಂದು ನಂಬುವಂತಿಲ್ಲ, ಅದನ್ನೂ ಎತ್ತಬೇಕಾದ ಮಗುವೆಂದೇ ಎಣಿಸಬೇಕು. ಅತ್ತೆಯವರನ್ನು ಸಹಾಯಕ್ಕೆ ಇರುವವರ ಲೆಕ್ಕದಲ್ಲಿ ಸೇರಿಸಬೇಡಿ, ಮೆಟ್ಟಿಲಿಳಿಯಲು ಅವರಿಗೇ ಆಸರೆ ಬೇಕು. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ 101ನೇ ಸಂಖ್ಯೆಯ ಸಂಹಿತೆಯು ಮನೆಯಲ್ಲಿ ನಡೆಸುವ ಶಿಶುಪಾಲನೆಗೆ ಹಾಕಿರುವ ಮಿತಿಯ ಹಿಂದೆಯೂ ಇದೇ ಲೆಕ್ಕವಿದೆ: ಒಬ್ಬ ಪಾಲಕಿಗೆ ಹೆಚ್ಚೆಂದರೆ ಆರು ಮಕ್ಕಳು, ಅವರಲ್ಲಿ ತಾವಾಗಿ ಪಾರಾಗಲಾರದವರು ಇಬ್ಬರಿಗಿಂತ ಹೆಚ್ಚಿರಬಾರದು. ಆ ಸಂಹಿತೆ ನಮ್ಮಲ್ಲಿ ಕಾನೂನಲ್ಲ, ಆದರೂ ಒಬ್ಬರಿಗೆ ಎರಡೇ ಕೈ ಎಂಬುದು ಎಲ್ಲಾ ಊರಿಗೂ ಒಂದೇ.

ಒಂದು ಮಗುವನ್ನು ಬಿಡುವುದೆಂದರೆ ತಿಂಗಳ ಆದಾಯದಲ್ಲಿ ಒಂದು ಪಾಲನ್ನು ಬಿಟ್ಟಂತೆ ಎಂಬುದು ನನಗೆ ಗೊತ್ತು. ಅದಕ್ಕಿಂತ ಗಟ್ಟಿಮುಟ್ಟಾದ ಇನ್ನೊಬ್ಬರನ್ನು ಜೊತೆಗೆ ಸೇರಿಸಿಕೊಳ್ಳುವುದು ಒಳ್ಳೆಯದು. ನಿಮ್ಮ ಊರಿನ ಮಹಿಳೆಯರ ಸ್ವಸಹಾಯ ಗುಂಪಾದ ಕುಟುಂಬಶ್ರೀ ಘಟಕದಲ್ಲಿ ಈ ವಿಷಯವನ್ನು ಎತ್ತಿ ನೋಡಿ. ಹಗಲು ಮನೆಯಲ್ಲೇ ಇರುವ ಸದಸ್ಯೆಯೊಬ್ಬರು ಸಿಕ್ಕಿದರೆ ಕೆಲಸ ಮತ್ತು ಹಣ ಎರಡನ್ನೂ ಹಂಚಿಕೊಳ್ಳಬಹುದು. ಸಿಲಿಂಡರಿನ ಬಗ್ಗೆ ಕೇಳಿದ ತಂದೆಗೂ ಈ ಲೆಕ್ಕವನ್ನು ಬಿಡಿಸಿ ಹೇಳಿ, ಎಲ್ಲ ಹೆತ್ತವರೂ ಸ್ವಲ್ಪ ಹೆಚ್ಚು ಕೊಡಬೇಕಾಗುತ್ತದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಮುಂದಿನದು ಕೋಣೆ ಮತ್ತು ಬಾಗಿಲು. ಸದ್ದು ತಟ್ಟದಿರಲಿ ಎಂದು ಕೂಸುಗಳನ್ನು ಒಳಕೋಣೆಯಲ್ಲಿ ಮಲಗಿಸುವ ರೂಢಿ ಅನೇಕ ಮನೆಗಳಲ್ಲಿದೆ. ಹೊರಗೆ ಹೋಗಲು ಅತಿ ಹೆಚ್ಚು ಹೊತ್ತು ಹಿಡಿಯುವವರೇ ಬಾಗಿಲಿಗೆ ಅತಿ ಹತ್ತಿರ ಇರಬೇಕಾದ್ದರಿಂದ ತೊಟ್ಟಿಲನ್ನು ಚಾವಡಿಗೆ ಅಥವಾ ಜಗಲಿಗೆ ತೆರೆಯುವ ಕೋಣೆಗೆ ತನ್ನಿ. ಒಣಗಿದ ಅಡಿಕೆ, ಹಳೆಯ ಗೋಣಿ, ತೆಂಗಿನ ಸಿಪ್ಪೆ ತುಂಬಿದ ಅಟ್ಟದ ಕೆಳಗಂತೂ ಮಕ್ಕಳನ್ನು ಮಲಗಿಸಲೇಬೇಡಿ. ಆ ಕೋಣೆಯಿಂದ ಹೊರಗೆ ಹೋಗಲು ಅಡುಗೆಕೋಣೆಯನ್ನು ಹಾದುಹೋಗಬೇಕಾಗದ ಎರಡನೆಯ ದಾರಿಯೊಂದು ಇರಬೇಕು; ಸರಳು ಹಾಕಿದ ಕಿಟಕಿಯನ್ನು ದಾರಿಯೆಂದು ಪರಿಗಣಿಸುವಂತಿಲ್ಲ. ಮಗು ರಸ್ತೆಗೋ ಬಾವಿಕಟ್ಟೆಗೋ ಹೋದೀತೆಂಬ ಸಕಾರಣವಾದ ಭಯದಿಂದ ಜಗಲಿಯ ಗ್ರಿಲ್ಸಿಗೆ ಬೀಗ ಹಾಕುವವರಿದ್ದಾರೆ. ಆದರೆ ಬೆಂಕಿಯ ಹೊತ್ತಿಗೆ ಕೀಲಿಕೈಯನ್ನು ಹುಡುಕುತ್ತಾ ನಿಂತರೆ ಆ ಬೀಗವೇ ಮಕ್ಕಳಿಗೆ ಮುಳುವಾಗುತ್ತದೆ. ದೊಡ್ಡವರ ಕೈಗೆ ಮಾತ್ರ ಎಟಕುವ ಎತ್ತರದಲ್ಲಿ, ಕೀಲಿಕೈ ಇಲ್ಲದೆ ಒಳಗಿನಿಂದ ತೆರೆಯುವ ಚಿಲಕ ಹಾಕಿಸಿ, ಬಾವಿಗೆ ಬೇರೆಯಾಗಿಯೇ ಬಲೆ ಮುಚ್ಚಿಸಿ.

ಬೆಂಕಿ ಕಂಡಾಗ ಎಳೆಯ ಮಕ್ಕಳು ಹೊರಗೆ ಓಡುವುದಕ್ಕಿಂತ ಮಂಚದಡಿ, ಬಾಗಿಲ ಮರೆ, ಕಪಾಟಿನೊಳಗೆ ಅಡಗುವುದೇ ಹೆಚ್ಚು ಎಂಬುದನ್ನು ಅಗ್ನಿಶಾಮಕ ಸಿಬ್ಬಂದಿ ಎಲ್ಲೆಡೆ ಕಂಡಿದ್ದಾರೆ. ಆದ್ದರಿಂದ ತಿಂಗಳಿಗೊಮ್ಮೆ ಮಕ್ಕಳೊಂದಿಗೆ ಹೊರಗೆ ಬರುವ ಅಭ್ಯಾಸ ಮಾಡಿ. ಒಂದೇ ಸಂಕೇತ ಇರಲಿ, ಸೀಟಿ ಸಾಕು. ಸೀಟಿ ಕೇಳಿದೊಡನೆ ಆಟಿಕೆ, ಚಪ್ಪಲಿ ಎಲ್ಲವನ್ನೂ ಬಿಟ್ಟು, ದೊಡ್ಡ ಮಗುವಿನ ಹಿಂದೆ ಒಬ್ಬರ ಅಂಗಿ ಒಬ್ಬರು ಹಿಡಿದು, ಮನೆಯಿಂದ ದೂರದ ಗುರುತಿನ ಜಾಗಕ್ಕೆ, ಗೇಟಿನ ಬಳಿಯೋ ಹಲಸಿನ ಮರದಡಿಯೋ, ಹೋಗಿ ನಿಲ್ಲಲಿ. ಹೊಗೆ ಮೊದಲು ಮಾಡಿನಡಿ ತುಂಬಿ ಅನಂತರ ಕೆಳಗಿಳಿಯುವುದರಿಂದ ನೆಲದ ಹತ್ತಿರ ಉಸಿರಾಡಲು ತಕ್ಕ ಗಾಳಿ ಇನ್ನಷ್ಟು ಹೊತ್ತು ಉಳಿಯುತ್ತದೆ, ಹೀಗಾಗಿ ಅಂಬೆಗಾಲಿಟ್ಟು ಹೋಗುವುದನ್ನೂ ಆಟದಂತೆ ಕಲಿಸಿ. ಒಂದೆರಡು ಸಲ ಮಧ್ಯಾಹ್ನ ಮಕ್ಕಳು ಮಲಗಿದ್ದಾಗಲೂ ಮಾಡಿ ನೋಡಬೇಕು, ನಿಜವಾದ ತೊಡಕು ಗೊತ್ತಾಗುವುದು ಆಗಲೇ. ಆ ದಿನ ಬಂದ ಮಕ್ಕಳ ಹೆಸರು ಬರೆದ ಚೀಟಿ ಬಾಗಿಲ ಪಕ್ಕದಲ್ಲೇ ತೂಗಿರಲಿ. ಹೊರಗೆ ಬಂದು ಆ ಚೀಟಿ ಹಿಡಿದು ಎಣಿಸಿ, ಬಳಿಕ ದೂರವಾಣಿ ಕರೆ ಮಾಡಿ.

ಕರೆಯ ವಿಷಯದಲ್ಲಿ ನಮ್ಮ ಗಡಿಭಾಗದವರಿಗೆ ಒಂದು ಮಾತು. ಅಗ್ನಿಶಾಮಕ ದಳದ ಸಂಖ್ಯೆ 101, ಎಲ್ಲಾ ತುರ್ತಿಗೂ 112. ಕರೆ ಎತ್ತಿದವರು ಮಲಯಾಳದಲ್ಲಿ ಮಾತನಾಡುವ ಸಾಧ್ಯತೆಯೇ ಹೆಚ್ಚು, ಮನೆಯಲ್ಲಿ ಕನ್ನಡ, ತುಳು ಅಥವಾ ಹವ್ಯಕದಲ್ಲಿ ಮಾತನಾಡುವವರಿಗೆ ಗಾಬರಿಯಲ್ಲಿ ಮಲಯಾಳದ ಮಾತು ಹೊರಡದೆ ಹೋಗಬಹುದು. ಮನೆಹೆಸರು, ಪಂಚಾಯತು, ವಾರ್ಡು, ಮುಖ್ಯರಸ್ತೆಯಿಂದ ತಿರುಗಬೇಕಾದ ಜಾಗ, ಇಷ್ಟನ್ನು ಮಲಯಾಳದ ಎರಡು ವಾಕ್ಯಗಳಾಗಿ, ಆದರೆ ಕನ್ನಡ ಲಿಪಿಯಲ್ಲಿ ಬರೆದು ಅದೇ ಚೀಟಿಯ ಹಿಂಬದಿಗೆ ಅಂಟಿಸಿಡಿ. ಕಾಸರಗೋಡಿನಿಂದಾಗಲಿ ಉಪ್ಪಳದಿಂದಾಗಲಿ ವಾಹನವು ಪೆರ್ಲದ ಒಳರಸ್ತೆಗೆ ತಲುಪಲು ಸಮಯ ಬೇಕು. ಅಷ್ಟರೊಳಗೆ ಆಗಬೇಕಾದ್ದೆಲ್ಲವೂ ನಿಮ್ಮಿಂದಲೇ ಆಗಬೇಕೆಂದು ತಿಳಿದು ಸಿದ್ಧವಾಗಿರಿ.

ಇನ್ನು ಬೆಂಕಿ ಹುಟ್ಟದಂತೆ ನೋಡಿಕೊಳ್ಳುವುದು. ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ 2004ರ ಜುಲೈ 16ರಂದು 94 ಮಕ್ಕಳನ್ನು ಬಲಿ ತೆಗೆದುಕೊಂಡ ಬೆಂಕಿ ಹುಟ್ಟಿದ್ದು ಊಟ ಬೇಯುತ್ತಿದ್ದ ಅಡುಗೆಕೋಣೆಯಲ್ಲಿ, ಹರಡಿದ್ದು ತೆಂಗಿನ ಗರಿಯ ಮಾಡಿಗೆ. ಬೇಸಗೆಯಲ್ಲಿ ನಮ್ಮ ಅಂಗಳಗಳಲ್ಲಿ ಏಳುವ ಮಡಲು, ಸೋಗೆಯ ಚಪ್ಪರ ಅಡುಗೆಕೋಣೆಗೋ ಬಚ್ಚಲಿಗೋ ತಾಗಿಕೊಂಡಿದ್ದರೆ ಅಪಾಯದ ಬಗೆ ಅದೇ. ನೆರಳಿಗೆಂದು ಮಕ್ಕಳನ್ನು ಅದರಡಿ ಕೂರಿಸಬೇಡಿ. ಬಚ್ಚಲ ಒಲೆಯ ಬಾಯಿಯ ಮುಂದೆ ಒಣ ಮಡಲು, ಗೆರಟೆ, ಅಡಿಕೆ ಸಿಪ್ಪೆ ರಾಶಿ ಬೀಳದಿರಲಿ. ಹಂಡೆಯ ನೀರನ್ನು ಮಕ್ಕಳು ಬರುವ ಮೊದಲೇ ಕಾಯಿಸಿ ಬೆಂಕಿಯನ್ನು ಪೂರ್ತಿ ಆರಿಸಿ, ಬೂದಿಯಡಿಯ ಕೆಂಡ ಬಹಳ ಹೊತ್ತು ಉಳಿಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಕೂಸನ್ನು ಮೀಯಿಸಿದ ಮೇಲೆ ಧೂಪದ ಹೊಗೆ ಹಿಡಿಯುವುದನ್ನು, ಸೀರೆಯ ತೊಟ್ಟಿಲಡಿ ಸೊಳ್ಳೆಬತ್ತಿ ಹಚ್ಚಿಡುವುದನ್ನು ನಿಮ್ಮ ಮನೆಯಲ್ಲಿ ನಿಲ್ಲಿಸಿಬಿಡಿ.

ಅಡುಗೆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಚಾಪೆಯ ಮೇಲೆ ಮಲಗಿದ ಮಕ್ಕಳಿರುವುದೂ ಆ ಮಟ್ಟದಲ್ಲೇ. ಸಿಲಿಂಡರ್ ಬದಲಿಸುವ ಕೆಲಸ ಮಕ್ಕಳು ಇಲ್ಲದ ಹೊತ್ತಿನಲ್ಲಿ ನಡೆಯಲಿ. ಸುರಕ್ಷಾ ಪೈಪಿನ ಮೇಲೆ ಅಚ್ಚಾದ ಅವಧಿ ನೋಡಿ ಐದು ವರ್ಷಕ್ಕೊಮ್ಮೆ ಬದಲಿಸಿ, ಪ್ರತಿದಿನ ಅಡುಗೆ ಮುಗಿದೊಡನೆ ರೆಗ್ಯುಲೇಟರ್ ಮುಚ್ಚಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂ ಬಾರದು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಮಕ್ಕಳೊಂದಿಗೆ ಹೊರಗೆ ಬಂದ ಮೇಲೆ ಅನಿಲ ಸೋರಿಕೆಯ ತುರ್ತು ಸಂಖ್ಯೆ 1906ಕ್ಕೆ ಕರೆ ಮಾಡಿ.

ಹಳೆಯ ಮನೆಯ ವಯರಿಂಗನ್ನು ಲೈಸೆನ್ಸ್ ಇರುವ ವಯರ್‌ಮನ್‌ರಿಂದ ಒಮ್ಮೆ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರಿನ ಇಎಲ್‌ಸಿಬಿ ಇಲ್ಲದಿದ್ದರೆ ಹಾಕಿಸಿ. ವಿದ್ಯುತ್ ಸೋರಿದೊಡನೆ ಸಂಪರ್ಕವನ್ನು ಕಡಿಯುವ ಸಾಧನ ಅದು, ಆದರೆ ಸಡಿಲ ಪ್ಲಗ್ ಬಿಸಿಯೇರುವುದನ್ನು ತಡೆಯುವುದಿಲ್ಲ.

ನಂದಿಸುವ ಸಾಧನವಾಗಿ ಐಎಸ್‌ಐ ಗುರುತಿನ, ಎಬಿಸಿ ಪುಡಿಯ (ಕಟ್ಟಿಗೆ-ಬಟ್ಟೆಯಂಥ ಘನವಸ್ತು, ದ್ರವ ಇಂಧನ, ಅನಿಲ ಈ ಮೂರೂ ಬಗೆಯ ಬೆಂಕಿಗೆ ಆಗುವ), ನೀವು ಸಲೀಸಾಗಿ ಎತ್ತಬಲ್ಲ ಎರಡು ಅಥವಾ ನಾಲ್ಕು ಕಿಲೋದ್ದನ್ನು ಆರಿಸಿ. ಅದನ್ನು ಒಲೆಯ ಮೇಲ್ಗಡೆ ತೂಗಿಸಬೇಡಿ. ಅಡುಗೆಕೋಣೆಯಿಂದ ಹೊರಬರುವ ಬಾಗಿಲ ಬಳಿ ಇರಲಿ, ಅದರ ಒತ್ತಡಮಾಪಕದ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಪುಡಿ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಮಕ್ಕಳೆಲ್ಲ ಇನ್ನೊಬ್ಬರೊಂದಿಗೆ ಹೊರಗಿದ್ದು, ಬೆಂಕಿ ಇನ್ನೂ ಚಿಕ್ಕದಿದ್ದು, ನಿಮ್ಮ ಬೆನ್ನ ಹಿಂದೆ ದಾರಿ ತೆರೆದಿದ್ದರೆ ಮಾತ್ರ ಬಳಸಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕದೆ, ಗ್ಯಾಸ್ ಆರಿಸಿ, ಲೋಹದ ಮುಚ್ಚಳವನ್ನು ಬದಿಯಿಂದ ಜಾರಿಸಿ ಮುಚ್ಚಿ ಹಾಗೆಯೇ ಬಿಡಿ.

ಪ್ರಶ್ನೆ: ಕುಂಬಳೆಯ ನಮ್ಮ ಮನೆಯಲ್ಲಿ ಇಬ್ಬರು ಮೊಮ್ಮಕ್ಕಳೊಂದಿಗೆ ಪಕ್ಕದ ಮನೆಯ ಮಗುವನ್ನೂ ನೋಡಿಕೊಳ್ಳುತ್ತೇನೆ. ಸುಟ್ಟ ಗಾಯಕ್ಕೆ ತೆಂಗಿನೆಣ್ಣೆ ಅಥವಾ ಟೂತ್‌ಪೇಸ್ಟ್ ಹಚ್ಚಬಹುದೇ?

ಉತ್ತರ: ಎರಡನ್ನೂ ಹಚ್ಚಬೇಡಿ, ಮಂಜುಗಡ್ಡೆಯನ್ನೂ ಇಡಬೇಡಿ. ಬಟ್ಟೆಗೆ ಬೆಂಕಿ ತಗಲಿದರೆ ಮಗುವನ್ನು ಓಡಗೊಡದೆ ನೆಲಕ್ಕೆ ಮಲಗಿಸಿ, ದಪ್ಪ ಹತ್ತಿಯ ಹೊದಿಕೆ ಸುತ್ತಿ ಹೊರಳಿಸಿ. ಬೆಂಕಿ ಆರಿದೊಡನೆ, ಅಥವಾ ಬಿಸಿನೀರು, ಗಂಜಿ ಬಿದ್ದೊಡನೆ, ಗಾಯವನ್ನು ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ಮೈಯ ಉಳಿದ ಭಾಗವನ್ನು ಬೆಚ್ಚಗೆ ಇಡಿ, ಏಕೆಂದರೆ ಕೂಸುಗಳ ಮೈ ಬೇಗ ತಣ್ಣಗಾಗುತ್ತದೆ. ಬಟ್ಟೆ, ಬಳೆ, ಉಡಿದಾರವನ್ನು ಊತ ಬರುವ ಮೊದಲೇ ತೆಗೆಯಿರಿ, ಚರ್ಮಕ್ಕೆ ಅಂಟಿದ್ದನ್ನು ಮಾತ್ರ ಎಳೆಯಬೇಡಿ. ಬೊಬ್ಬೆಯನ್ನು ಒಡೆಯದೆ ಶುಭ್ರವಾದ ಬಟ್ಟೆ ಮುಚ್ಚಿ. ಗಾಯವು ಆ ಮಗುವಿನ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಕೀಲು ಅಥವಾ ಗುಪ್ತಾಂಗದ ಮೇಲಿದ್ದರೆ, ಮಗು ಒಂದು ವರ್ಷದೊಳಗಿನದಾದರೆ, ಹೊಗೆ ಕುಡಿದು ಕೆಮ್ಮುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ವಿದ್ಯುತ್ತಿನಿಂದಾದ ಸುಟ್ಟಗಾಯ ಹೊರಗೆ ಚುಕ್ಕೆಯಷ್ಟೇ ಕಂಡರೂ ಒಳಗೆ ಹೆಚ್ಚು ಹಾನಿಯಾಗಿರಬಹುದು, ಅದನ್ನು ಅದೇ ದಿನ ವೈದ್ಯರಿಗೆ ತೋರಿಸಲೇಬೇಕು.